ಕಾಡಪ್ಪನ ತಂತಿ, ರುದ್ರವ್ವನ ಕೌದಿ

ಅಷ್ಟೂ ರಾಮಾಯಣಕ್ಕೆ ಕಾರಣ ಒಂದು ಒದ್ದೆ ಕೌದಿ.

ಕಾಡಪ್ಪ ಪುಣೆಯ ಭೋಸರಿಯ ಕಾರ್ಖಾನೆಯೊಂದರಲ್ಲಿ ಗಣಿಗಳಿಗೆ ಬೇಕಾದ ಯಂತ್ರಗಳನ್ನು ತಯಾರಿಸುವವನು. ಗಣಿಯ ಬಂಡೆ ಬಿರುಕು ಬಿಟ್ಟರೆ ಬಿರುಕಿನ ಈಚೆಗೊಂದು, ಆಚೆಗೊಂದು ಗೂಟ ಹೊಡೆದು ನಡುವೆ ಉಕ್ಕಿನ ತಂತಿ ಬಿಗಿಯುತ್ತಾರೆ. ಬಂಡೆ ಕೂದಲೆಳೆಯಷ್ಟು ಸರಿದರೂ ತಂತಿ ಜಗ್ಗುತ್ತದೆ, ತುದಿಯ ಪೆಟ್ಟಿಗೆಯಲ್ಲಿ ಸೈರನ್ನಿನಂಥ ಭೋಂಗಾ ಕೂಗುತ್ತದೆ, ಜನ ಓಡಿ ಜೀವ ಉಳಿಸಿಕೊಳ್ಳುತ್ತಾರೆ. ಇಂಥ ಹೊಸ ಯಂತ್ರವೊಂದನ್ನು ಕಾಡಪ್ಪ ಎರಡು ವರ್ಷ ಕೂತು ಮಾಡಿದ್ದ. ತನಗಿಂತ ಆ ಪೆಟ್ಟಿಗೆಯ ಮೇಲೇ ಅವನಿಗೆ ಜೀವ ಎಂದು ಹೆಂಡತಿ ಶೈಲಾ ಊರಿಗೆಲ್ಲ ಹೇಳಿದ್ದಳು.

ಆ ಶನಿವಾರ ಸಂಜೆ ನಾಲ್ಕಕ್ಕೆ, ಛತ್ತೀಸಗಡದ ಗಣಿಯೊಂದರ ದೊಡ್ಡ ಸಾಹೇಬರಾದ ಮಹದೇವಪ್ಪನವರು ಯಂತ್ರ ನೋಡಲು ಬರುವವರಿದ್ದರು. ಭೋಸರಿಯಲ್ಲಿ ಶೆಡ್ಡುಗಳಿವೆಯೇ ಹೊರತು ಬಂಡೆ ಎಲ್ಲಿಂದ ಬರಬೇಕು? ಊರಿನ ಇನ್ನೊಂದು ತುದಿಯ ಕಾತ್ರಜದಲ್ಲಿ ಕಾಡಪ್ಪನ ಬಿಲ್ಡಿಂಗಿನ ಹಿಂದೆ ಹಳೆಯ ಕಲ್ಲುಕ್ವಾರಿಯ ಗೋಡೆಯಿತ್ತು. ಅದರಲ್ಲಿ ಹತ್ತು ವರ್ಷದಿಂದ ಅಲುಗಾಡದ ಬಿರುಕೂ ಇತ್ತು. ಅಲ್ಲೇ ತಂತಿ ಕಟ್ಟಿದ. ಮ್ಯಾನೇಜರ್ ಅಮೇಯ ಮೊದಲೇ ಹೇಳಿಬಿಟ್ಟಿದ್ದ: ಆರ್ಡರ್ ಬಂದರೆ ಕಾಡಪ್ಪ ಪುಣೆಯಲ್ಲೇ ಸೆಕ್ಷನ್ ಮುಖ್ಯಸ್ಥ, ಬರದಿದ್ದರೆ ಯಾವುದಾದರೂ ಗಣಿಗೆ ರಿಪೇರಿ ಕೆಲಸಕ್ಕೆ ವರ್ಗ.

"ಯಾಕ ಬರೂದಿಲ್ಲ? ಕಲ್ಲಿನ ಮನಸ್ಸಿನ್ಯಾಗ ಏನದ ಅನ್ನೋದು ನನಗ ಗೊತ್ತದ," ಎಂದು ಕಾಡಪ್ಪ ಚಹಾ ಕುಡಿಯುತ್ತಿದ್ದಾಗ ಬೆಳಗಿನ ಎಂಟಕ್ಕೇ ಭೋಂಗಾ ಕಿರುಚಿತು.

ಇಡೀ ಬಿಲ್ಡಿಂಗು ಬನಿಯನ್, ಟವೆಲ್ಲುಗಳಲ್ಲಿ ರಸ್ತೆಗೆ ಬಂತು. ಕಾಡಪ್ಪ ಹಿತ್ತಿಲಿಗೆ ಓಡಿ ನೋಡಿದರೆ ಕೆಳಮನೆಯ ರುದ್ರವ್ವ ತಂತಿಯ ಮೇಲೆ ಒಗೆದ ಕೌದಿ ಹರವುತ್ತಿದ್ದಳು. ಹಳೆ ಸೀರೆಗಳನ್ನು ಪದರಪದರವಾಗಿ ಹೊಲಿದ, ಒಣಗಿದ್ದಾಗಲೇ ಎತ್ತಲು ಭಾರವಾದ ಕೌದಿ ಅದು.

"ರುದ್ರವ್ವಾರ, ಏನ್ ಮಾಡೀರಿ ಇದು!"

"ಬಿಸಲಾಗ ಹಗ್ಗಾ ಕಟ್ಟೀದಿ, ಹಾಕೇನಿ. ಅದಕ್ಯಾಕ ಹಿಂಗ ಒದರ್ತದ ನಿನ್ನ ಡಬ್ಬಿ?"

ಹನ್ನೊಂದಕ್ಕೆ ಮತ್ತೆ ಭೋಂಗಾ, ಮತ್ತೆ ಓಟ. ಈ ಸಲ ಸೊಸೈಟಿಯ ಸೆಕ್ರೆಟರಿ ದತ್ತು. ಶನಿವಾರವಲ್ಲವೇ, ಇಷ್ಟು ಛಂದದ ಯಂತ್ರಕ್ಕೆ ದೃಷ್ಟಿಯಾದೀತೆಂದು ತಂತಿಯ ನಟ್ಟನಡುವೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದ. "ನಜರ್ ಲಾಗೂ ನಯೇ!" ದೃಷ್ಟಿ ತಾಗಬಾರದು ಎಂದು ಮರಾಠಿಯಲ್ಲಿ ಹೇಳಿ ಹಲ್ಲು ಕಿರಿದ. ಕಾಡಪ್ಪ ಅದನ್ನು ಬಿಚ್ಚಿ ದತ್ತುವಿನ ಕೈಗೇ ಕೊಟ್ಟ.

ಇನ್ನು ಬಿಟ್ಟರೆ ಕೆಟ್ಟೆ ಎಂದುಕೊಂಡು ಅವನು ದೊಡ್ಡ ಹಲಗೆಯೊಂದರ ಮೇಲೆ "ಈ ತಂತಿಗೆ ಏನನ್ನೂ ಹಾಕಬಾರದು" ಎಂದು ಎರಡು ಭಾಷೆಯಲ್ಲಿ ಬರೆದ. ಎಲ್ಲರಿಗೂ ಕಾಣಲಿ ಎಂದು ಅದನ್ನು ತಂತಿಗೇ ತೂಗುಹಾಕಿದ. ಭೋಂಗಾ ಕೂಗಿತು. ಈ ಸಲ ರಸ್ತೆಗೆ ಯಾರೂ ಓಡಲಿಲ್ಲ. ಕಿಟಕಿಗಳಿಂದ ನಗು ಮಾತ್ರ ಕೇಳಿಸಿತು. ಕಾಡಪ್ಪ ಹಲಗೆ ಬಿಚ್ಚಿ ಕೆಳಗಿಟ್ಟ.

ನಾಲ್ಕಕ್ಕೆ ಸರಿಯಾಗಿ ಮಹದೇವಪ್ಪನವರು ಅಮೇಯನ ಕಾರಿನಿಂದಿಳಿದರು. ಮೂವತ್ತು ವರ್ಷ ನೆಲದಡಿಯಲ್ಲಿ ಕಳೆದ ಮಿತಭಾಷಿ. ಮಜಾ ನೋಡಲು ಬಿಲ್ಡಿಂಗಿನವರೆಲ್ಲ ಹಿತ್ತಿಲಲ್ಲಿ ನೆರೆದಿದ್ದರು. ಕಾಡಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಂಡೆಗೆ ಬೆನ್ನು ತಿರುಗಿಸಿ ನಿಂತು ಗಂಟಲು ಸರಿಮಾಡಿಕೊಂಡ.

"ಸಾಹೇಬ್ರ, ಈ ಯಂತ್ರ ಎಂದೂ ಸುಳ್ಳು ಹೇಳೂದಿಲ್ರಿ—"

ಭೋಂಗಾ ಕಿರುಚಿತು.

ಕಾಡಪ್ಪ ತಿರುಗಿಯೂ ನೋಡಲಿಲ್ಲ. "ಗಾಬರಿ ಆಗಬ್ಯಾಡ್ರಿ. ರುದ್ರವ್ವಾರ, ಕೌದಿ ತಗೀರಿ!"

"ಕೌದಿ ಮನ್ಯಾಗದ," ಎಂದಳು ಅವನ ಎದುರಿಗೇ ನಿಂತಿದ್ದ ರುದ್ರವ್ವ.

"ಹಂಗಾರ ನಿಂಬಿಹಣ್ಣು. ದತ್ತೂ!"

ದತ್ತು ಎರಡೂ ಖಾಲಿ ಕೈ ತೋರಿಸಿದ.

"ಹಂಗಾರ ಕಾಗಿ ಕುಂತಿರಬೇಕ್ರಿ—"

"ಓಡ್ರಿ ಎಲ್ಲಾರೂ!" ಎಂದು ಮಹದೇವಪ್ಪನವರು ಗುಡುಗಿ, ರುದ್ರವ್ವನನ್ನು ಒಂದು ಕೈಯಲ್ಲಿ, ಕಾಡಪ್ಪನ ಕಾಲರನ್ನು ಇನ್ನೊಂದು ಕೈಯಲ್ಲಿ ಹಿಡಿದು ಗೇಟಿನಾಚೆ ಎಳೆದೊಯ್ದರು. ಉಳಿದವರೂ ಬಿದ್ದೆವೋ ಎದ್ದೆವೋ ಎಂದು ಹಿಂದೆಯೇ ಓಡಿದರು. ಅರ್ಧ ನಿಮಿಷದಲ್ಲಿ, ಹತ್ತು ವರ್ಷ ಸುಮ್ಮನಿದ್ದ ಗೋಡೆ ಲಾರಿಯಷ್ಟು ದೊಡ್ಡ ಬಂಡೆಯೊಂದನ್ನು ಕಾಡಪ್ಪ ನಿಂತಿದ್ದ ಜಾಗಕ್ಕೇ ಇಳಿಸಿತು.

ಧೂಳು ಕೂತಿತು. ಎಲ್ಲರೂ ಕ್ಷೇಮವಾಗಿದ್ದರು. ಕಾಡಪ್ಪನ ಎದೆ ಉಬ್ಬಿತು. "ನೋಡಿದ್ರಿ ಸಾಹೇಬ್ರ? ಸುಳ್ಳು ಹೇಳೂದಿಲ್ಲ ಅಂದಿದ್ದೆ!"

"ಭಾಳ ಛಲೋ ಯಂತ್ರ," ಎಂದರು ಮಹದೇವಪ್ಪನವರು ಕೋಟು ಕೊಡವುತ್ತ. "ಐವತ್ತು ಕಳಿಸ್ರಿ."

ಅಮೇಯ ಕುಣಿಯುವುದೊಂದು ಬಾಕಿ. ಪುಣೆಯ ಮುಖ್ಯಸ್ಥನ ಕುರ್ಚಿ ಕಾಡಪ್ಪನ ಕಣ್ಣ ಮುಂದೆ ಬಂದು ನಿಂತಿತು.

"ಜೊತಿಗೆ ಇವರನ್ನೂ ಕಳಿಸ್ರಿ, ಮೂರು ವರ್ಷಕ್ಕ," ಎಂದು ಸಾಹೇಬರು ಕಾಡಪ್ಪನತ್ತ ಬೆರಳು ಮಾಡಿದರು. "ಭೋಂಗಾ ಕೂಗಿದ ಮ್ಯಾಲೂ ನಿಂತು ಭಾಷಣಾ ಮಾಡಾವ್ರು ಇವರೊಬ್ಬರಽ. ತಾವು ಮಾಡಿದ್ದನ್ನ ತಾವಽ ನಂಬೋದು ಗಣಿಯೊಳಗ ಕಲೀಲಿ."

ಐವತ್ತು ಯಂತ್ರದ ಆರ್ಡರಿಗೆ ಅಮೇಯ ಒಬ್ಬ ಕಾಡಪ್ಪನನ್ನು ಕೊಡುವುದಕ್ಕೆ ಒಂದು ಕ್ಷಣವೂ ಯೋಚಿಸಲಿಲ್ಲ.

ಮರುವಾರ ಸಾಮಾನು ಕಟ್ಟುತ್ತಿದ್ದ ಕಾಡಪ್ಪನ ಮನೆಗೆ ರುದ್ರವ್ವ ಆ ಕೌದಿಯನ್ನೇ ಮಡಚಿ ಹೊತ್ತು ತಂದಳು.

"ಅಲ್ಲೆ ಭಾಳ ಥಂಡಿ ಅಂತ, ಒಯ್ಯಪ್ಪಾ," ಎಂದು ಅವನ ಕೈಗಿಟ್ಟಳು. "ಒಗದ್ರ ಮಾತ್ರ ನೆಲದ ಮ್ಯಾಲೆ ಒಣಾ ಹಾಕು."