ದೋಣಿಗೆಂದು ಮಾಡಿಸಿದ ಗಾಡಿ

ಈ ದೋಣಿಯ ವಿಷಯದಲ್ಲಿ ತಪ್ಪು ಮಾಡಿದವರು ಹಲವರು. ಅದರ ಫಲವಾಗಿ ಮೊಣಕಾಲುದ್ದ ನೀರಿನಲ್ಲಿ ನಡೆದವಳು ಮಾತ್ರ ನನ್ನ ಹೆಂಡತಿ ಗಿರಿಜೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ನಾನು ಸರ್ಕಾರದ ಇಲಾಖೆಯೊಂದನ್ನೂ, ಪಾತ್ರೆ ವ್ಯಾಪಾರಿಯೊಬ್ಬನನ್ನೂ, ನಮ್ಮ ಸೀಮೆಯ ತೆಂಗಿನಕಾಯಿಯನ್ನೂ ಒಂದಾದ ಮೇಲೊಂದರಂತೆ ಖಂಡಿಸಲಿದ್ದೇನೆ. ಖಂಡನೆಯ ಭರದಲ್ಲಿ ಯಾರಿಗಾಗಿ ಖಂಡಿಸುತ್ತಿದ್ದೇವೆ ಎಂಬುದನ್ನೇ ಮರೆಯುವ ಅಭ್ಯಾಸ ನಮ್ಮಂಥವರಿಗೆ ಉಂಟು. ನಾನು ಪ್ರೌಢಶಾಲೆಯಲ್ಲಿ ಸಮಾಜ ಪಾಠ ಹೇಳುವ ಮೇಷ್ಟ್ರು. ತಿಪಟೂರಿನಲ್ಲಿ ಕಾಲೇಜು ಓದುತ್ತಿದ್ದಾಗ, ಅನ್ಯಾಯವನ್ನು ಕಂಡಲ್ಲಿ ಹೆಸರಿಟ್ಟು ಕರೆಯಬೇಕು ಎಂದು ಹಿರಿಯ ಮಿತ್ರರು ಕಲಿಸಿದರು. ಅಂದಿನಿಂದ ಶೆಟ್ಟಿಕೆರೆ ಬಸ್ಸಿನ ಕಂಡಕ್ಟರನಿಂದ ಹಿಡಿದು ನಮ್ಮ ಮನೆಯ ಬೆಕ್ಕಿನವರೆಗೆ ಯಾರನ್ನೂ ನಾನು ಹೆಸರಿಡದೆ ಬಿಟ್ಟಿಲ್ಲ. ಬೆಕ್ಕು ಹಾಲು ಕುಡಿದದ್ದನ್ನು ನಾನು ಸಂಪನ್ಮೂಲದ ಅಸಮಾನ ಹಂಚಿಕೆ ಎಂದು ವಿವರಿಸುವಷ್ಟರಲ್ಲಿ ಗಿರಿಜೆ ಪಾತ್ರೆಯ ಮೇಲೆ ಮುಚ್ಚಳ ಮುಚ್ಚಿ ಬಂದಿರುತ್ತಾಳೆ. ಇನ್ನೊಂದು ಮುಚ್ಚಳದ ಮಾತು ಮುಂದೆ ಬರುತ್ತದೆ.

ಗಿರಿಜೆಯೂ ಉಪಾಧ್ಯಾಯಿನಿ. ನಮ್ಮೂರ ಕೆರೆಯ ಆಚೆ ದಡದಲ್ಲಿ ಒಂದು ಹಟ್ಟಿ ಇದೆ. ಆ ಹಟ್ಟಿಗೆ ಒಂದು ಕೋಣೆಯ ಶಾಲೆ, ಆ ಶಾಲೆಗೆ ಇವಳೊಬ್ಬಳೇ ಮೇಡಂ. ಕೆರೆ ಒಣಗಿರುವಾಗ ಕೆರೆಯಂಗಳದ ಕಾಲುದಾರಿಯಲ್ಲಿ ನೇರವಾಗಿ ದಾಟಿಬಿಡುತ್ತಾಳೆ. ಹಿಂಗಾರು ಮಳೆ ಹಿಡಿದು ನೀರು ನಿಂತರೆ ಆ ದಾರಿ ಮುಳುಗುತ್ತದೆ. ಆಮೇಲೆ ಏರಿಯ ಮೇಲೆ ಜಾಲಿ ಮುಳ್ಳು ತಪ್ಪಿಸುತ್ತ ಸುತ್ತಬೇಕು, ಕೋಡಿ ಹರಿಯುವ ಕಡೆ ಚಪ್ಪಲಿ ಕೈಗೆ ತೆಗೆದುಕೊಂಡು ನೀರಿಗಿಳಿಯಬೇಕು. ಅವಳು ಹಟ್ಟಿ ಸೇರುವ ಹೊತ್ತಿಗೆ ಮಕ್ಕಳು ಬಾಗಿಲು ನೋಡಿ ನೋಡಿ ಸಾಕಾಗಿ ಕುರಿಯ ಹಿಂದೆ ಹೋಗಿಬಿಟ್ಟಿರುತ್ತಾರೆ. ಕುರಿಯ ಹಿಂದೆ ಹೋದ ಮಗುವನ್ನು ಮತ್ತೆ ಹಲಗೆಯ ಮುಂದೆ ಕೂರಿಸುವುದು ಎಷ್ಟು ಕಷ್ಟವೆಂದು ಶಿಕ್ಷಣ ಇಲಾಖೆಯ ಯಾವ ಸುತ್ತೋಲೆಯಲ್ಲೂ ಬರೆದಿಲ್ಲ. "ಮಳೆ ಬಂದರೆ ಊರಿಗೆಲ್ಲ ಸಂತೋಷ. ನನಗೆ ಮಾತ್ರ ಶಾಲೆ ಖಾಲಿಯಾಗುತ್ತೆ" ಎಂದು ಅವಳು ಒಮ್ಮೆ ಹೇಳಿದ್ದಳು. ಹೇಳಿದ್ದು ಒಮ್ಮೆಯೇ. ಆ ಮಾತನ್ನು ನಾನು ಆಮೇಲೆ ಹಲವು ಸಭೆಗಳಲ್ಲಿ ಬಳಸಿಕೊಂಡೆ.

ದೋಣಿ ನಮ್ಮೂರಿಗೆ ಬಂದದ್ದು ನೀರಾವರಿ ಇಲಾಖೆಯವರ ಜೀಪಿನ ಹಿಂದೆ, ಎರಡು ಚಕ್ರದ ಟ್ರೇಲರಿನ ಮೇಲೆ. ಕೆರೆಯ ಹೂಳು ಎಷ್ಟಿದೆಯೆಂದು ಅಳೆಯುವುದಕ್ಕೆ ತಂದಿದ್ದರು. ಅಲ್ಯೂಮಿನಿಯಂ ದೋಣಿ, ಬಿಸಿಲಿಗೆ ಹೊಳೆಯುತ್ತಿದ್ದ ಅದನ್ನು ನೋಡಲು ಜನ ಸೇರಿದರು. ಅಳತೆ ಮುಗಿಸಿ ಹೊರಟ ದಿನ ಊರಬಾಗಿಲಲ್ಲೇ ಟ್ರೇಲರಿನ ಅಚ್ಚು ಬಾಗಿತು. "ನಾಳೆ ಬಂದು ತಗೊಂಡು ಹೋಗ್ತೀವಿ" ಎಂದು ಹೇಳಿ ಜೀಪು ಹೋಯಿತು. ಆ ನಾಳೆ ವರ್ಷಗಟ್ಟಲೆ ಬರಲಿಲ್ಲ. ಟ್ರೇಲರಿನ ಹಲಗೆಯನ್ನು ಗೆದ್ದಲು ತಿಂದಿತು. ಟೈರುಗಳು ಎಲ್ಲಿ ಹೋದವೆಂದು ನನಗೆ ಗೊತ್ತಿದೆ, ಆದರೆ ಅವುಗಳಿಂದ ಉಯ್ಯಾಲೆ ಕಟ್ಟಿಕೊಂಡು ಆಡುವ ಮಕ್ಕಳ ಮುಖ ನೋಡಿ ಸುಮ್ಮನಿದ್ದೇನೆ. ದೋಣಿಯೊಳಗೆ ಮೊದಲು ಮಳೆನೀರು ನಿಂತಿತು, ಆಮೇಲೆ ಯಾರೋ ಕಾಯಿಮಟ್ಟೆ ತುಂಬಿದರು, ಆಮೇಲೆ ಕೋಳಿ ಸಂಸಾರ ಹೂಡಿತು. ಕೊನೆಗೊಂದು ದಿನ ಇಲಾಖೆ ಅದನ್ನು ಗುಜರಿಯೆಂದು ಸಾರಿತು. ಪಾತ್ರೆ ವ್ಯಾಪಾರಿಯೊಬ್ಬ ಸುತ್ತಿಗೆ ಹಿಡಿದು ಬಂದ. ಕರಗಿಸಿ ಡಬರಿ ಮಾಡುವುದು ಅವನ ಉದ್ದೇಶ. ಆಗ ನಾನು ಸುತ್ತಿಗೆಗೂ ದೋಣಿಗೂ ನಡುವೆ ನಿಂತು, ಸಾರ್ವಜನಿಕ ಸ್ವತ್ತು ಖಾಸಗಿ ಪಾತ್ರೆಯಾಗಕೂಡದು ಎಂದು ಘೋಷಿಸಿದೆ. ಪಂಚಾಯಿತಿ ದೋಣಿಯನ್ನು ಉಳಿಸಿಕೊಂಡಿತು. ಇಟ್ಟುಕೊಳ್ಳಲು ಜಾಗವಿಲ್ಲವೆಂದು ನಮ್ಮ ಮನೆಯ ಅಂಗಳಕ್ಕೆ ಸಾಗಿಸಿತು. ಗಿರಿಜೆ ಬಟ್ಟೆ ಒಣಗಿಸುತ್ತಿದ್ದ ಹಗ್ಗ ಬಿಚ್ಚಬೇಕಾಯಿತು. ದೋಣಿ ಸಂರಕ್ಷಣಾ ಸಮಿತಿ ಹುಟ್ಟಿತು, ನಾನು ಅಧ್ಯಕ್ಷನಾದೆ. ದೋಣಿಯನ್ನು ದಿನವೂ ಬಳಸಬೇಕಾಗಿದ್ದ ಒಬ್ಬಳೇ ವ್ಯಕ್ತಿಯನ್ನು ಸಮಿತಿಗೆ ಸೇರಿಸಿಕೊಳ್ಳಲು ಯಾರಿಗೂ ಹೊಳೆಯಲಿಲ್ಲ. ಸಭೆಗೆ ಬಂದವರಿಗೆಲ್ಲ ಅವಳು ಕಾಫಿ ತಂದುಕೊಡುತ್ತಿದ್ದುದರಿಂದ ಅವಳು ಸಮಿತಿಯಲ್ಲೇ ಇದ್ದಾಳೆಂಬ ಭಾವನೆ ನಮಗಿತ್ತೋ ಏನೋ.

ದುರಸ್ತಿಗೆ ತಿಪಟೂರಿನ ಖಾದರ್ ಸಾಬರು ಬಂದರು. ಕೊಬ್ಬರಿ ಮಂಡಿಯ ಹಿಂದಿನ ಬೀದಿಯಲ್ಲಿ ಅವರ ವೆಲ್ಡಿಂಗ್ ಅಂಗಡಿ. ದೋಣಿಯ ತಳವನ್ನು ಬೆರಳಿನಿಂದ ಬಡಿದು ನೋಡಿ, "ಗ್ಯಾಸ್ ಹಿಡಿಸಿದ್ರೆ ಬೆಣ್ಣೆ ಥರ ಕರಗೋಗ್ತದೆ ಮೇಷ್ಟ್ರೇ. ತೇಪೆ ಇಟ್ಟು ರಿವಿಟ್ ಹೊಡೀಬೇಕು. ಇದೇ ಜಾತಿ ತಗಡು ಬೇಕು" ಎಂದರು. ಒಂದು ತೂತು ಅಂಗೈ ಅಗಲವಿತ್ತು, ಉಳಿದವು ಚಿಕ್ಕವು. ಜಾತಿ ಎಂಬ ಮಾತಿಗೆ ನಾನು ತಗಾದೆ ತೆಗೆದೆ. ತಗಡಿನಲ್ಲೂ ಜಾತಿ ನೋಡುವುದೇ ಎಂದೆ. "ನೋಡ್ಲೇಬೇಕು ಕಣ್ರೀ. ಇದಕ್ಕೆ ಕಬ್ಬಿಣ ಇಟ್ರೆ ಎರಡೂ ತಿಂದ್ಕೊಂಡು ಸಾಯ್ತವೆ" ಎಂದು ಅವರು ನಕ್ಕರು. ಅಲ್ಯೂಮಿನಿಯಂ ತಗಡು ತರಲು ತಿಪಟೂರಿಗೆ ಮತ್ತೆ ಹೋಗಬೇಕೇ ಎಂದು ಯೋಚಿಸುತ್ತಿದ್ದಾಗ ನನ್ನ ದೃಷ್ಟಿ ಅಡುಗೆಮನೆಯ ಕಡೆ ಹರಿಯಿತು. ಅಲ್ಲಿ ಗೋಡೆಗೆ ಒರಗಿ ನಿಂತಿತ್ತು, ನೀರು ಕಾಯಿಸುವ ದೊಡ್ಡ ಡಬರಿಯ ಮುಚ್ಚಳ. ಅಗಲವಾಗಿ, ದಪ್ಪವಾಗಿ, ಶುದ್ಧ ಅಲ್ಯೂಮಿನಿಯಮ್ಮಿನದು. ಗಿರಿಜೆ ಶಾಲೆಗೆ ಹೋಗಿದ್ದಳು.

ಸಂಜೆ ಅವಳು ಬಂದಾಗ ಮುಚ್ಚಳ ದೋಣಿಯ ತಳದಲ್ಲಿ ರಿವಿಟ್ ಹೊಡೆಸಿಕೊಂಡು, ಸುತ್ತ ತೆಂಗಿನನಾರು ಡಾಂಬರು ಬಳಿಸಿಕೊಂಡು ಕೂತಿತ್ತು. ಅವಳು ದೋಣಿಯನ್ನು ಸುತ್ತಿ ಬಂದಳು. ಒಂದು ಕಡೆ ಬಗ್ಗಿದಳು. "ಇದರ ಹಿಡಿ ಏನಾಯ್ತು?" ಎಂದಳು. ಹಿಡಿಯನ್ನು ಜೋಪಾನವಾಗಿ ತೆಗೆದಿಟ್ಟಿದ್ದೇನೆಂದೆ. "ದೋಣಿ ಡಬರಿ ಆಗಬಾರದು ಅಂತ ಊರೆಲ್ಲ ಕೂಗಿ ಹೇಳಿದಿರಿ. ಡಬರಿ ದೋಣಿ ಆಗಬಹುದು ಅನ್ನೋದನ್ನ ನನಗೊಬ್ಬಳಿಗೆ ಹೇಳೋದು ಮರೆತಿರಿ" ಎಂದಳು. ಅಡುಗೆಮನೆಯ ಉಪಕರಣ ಸಮಾಜದ ಉಪಯೋಗಕ್ಕೆ ಬರುವುದರ ಮಹತ್ವದ ಬಗ್ಗೆ ನನ್ನಲ್ಲಿ ಉತ್ತರ ಸಿದ್ಧವಿತ್ತು. ಅದನ್ನು ಬಿಟ್ಟು ಹಿಡಿಯನ್ನು ತಂದುಕೊಟ್ಟೆ. ಅಂದಿನಿಂದ ನಮ್ಮ ಮನೆಯ ಡಬರಿಯನ್ನು ಮುಚ್ಚುತ್ತಿರುವುದು ನನ್ನ ಊಟದ ತಟ್ಟೆ. ಬಿಸಿನೀರು ಕಾದ ಮೇಲೆಯೇ ನನ್ನ ಊಟ.

ಟ್ರೇಲರನ್ನು ಹೊಸದಾಗಿ ಕಟ್ಟಿದವರು ನಮ್ಮೂರಿನ ನಂಜುಂಡಾಚಾರಿಗಳು. ಬಾಗಿದ ಅಚ್ಚನ್ನು ಖಾದರ್ ಸಾಬರು ನೆಟ್ಟಗೆ ಮಾಡಿಕೊಟ್ಟು, ಕಿಬ್ಬನಹಳ್ಳಿಯ ಕಡೆಯಿಂದ ಹಳೆಯ ಜೀಪಿನ ಎರಡು ಚಕ್ರ ಹುಡುಕಿಸಿಕೊಟ್ಟಿದ್ದರು. ನಮ್ಮಲ್ಲಿ ಜೀಪಿಲ್ಲದ ಕಾರಣ ಜೀಪಿಗೆ ಸಿಕ್ಕಿಸುವ ಕೊಂಡಿ ತೆಗೆದು ಎತ್ತು ಹೂಡುವಂತೆ ಮೂಕಿ, ನೊಗ ಜೋಡಿಸಬೇಕಿತ್ತು. ಆಚಾರಿಗಳು ಅದನ್ನು ಮಾಡಿದ್ದಲ್ಲದೆ ಎರಡೂ ಪಕ್ಕಕ್ಕೆ ಎತ್ತರದ ಗೂಟ ನೆಟ್ಟರು. ಹಿಂದುಗಡೆ ಅಡ್ಡಹಲಗೆ ಹಾಕಿ ಮೊಳೆ ಹೊಡೆದರು.

"ಇದೇಕೆ ಆಚಾರ್ರೇ?" ಎಂದೆ.

"ಹಿಂದ್ಗಡೆ ಹಲಗೆ ಇಲ್ದೆ ಇದ್ರೆ ಕಾಯೆಲ್ಲ ಉದುರೋಗಲ್ವ?"

"ಇದಕ್ಕೆ ಕಾಯಿ ಹೇರುವುದಿಲ್ಲ. ಇದು ದೋಣಿಗೆ ಮಾತ್ರ."

"ಈಗ ಹಂಗಂತೀರ" ಎಂದು ಆಚಾರಿಗಳು ಮತ್ತೊಂದು ಮೊಳೆ ತೆಗೆದರು.

ನಮ್ಮ ಸೀಮೆಯಲ್ಲಿ ಗಾಡಿಯೆಂದರೆ ಕಾಯಿ ಹೇರುವುದು, ಅಟ್ಟವೆಂದರೆ ಕಾಯಿ ಒಣಗುವುದು, ಮಳೆಯೆಂದರೆ ಹೊಂಬಾಳೆ ಕಟ್ಟುವುದು. ಮನುಷ್ಯನೂ ತಲೆಯ ಮೇಲೆ ಕಾಯಿ ಬೀಳದ ಕಡೆ ನಿಂತು ಮಾತಾಡುವುದನ್ನು ಹುಟ್ಟಿನಿಂದಲೇ ಕಲಿಯುತ್ತಾನೆ. ಇಂಥ ಊರಿನಲ್ಲಿ ಚಕ್ರವಿರುವ ಯಾವುದೇ ವಸ್ತು ಕಾಯಿಯಿಂದ ತಪ್ಪಿಸಿಕೊಂಡೀತೆಂದು ನಂಬಿದ್ದು ನನ್ನ ಓದಿನ ದೋಷ. ಆಚಾರಿಗಳನ್ನು ತಡೆಯಬಹುದಿತ್ತು. ಆದರೆ ಆ ವೇಳೆಗೆ ನಾನು 'ಬಹೂಪಯೋಗಿ ವಾಹನ' ಎಂಬ ಪದವನ್ನು ಕಟ್ಟಿ, ಅದನ್ನು ಉದ್ಘಾಟನೆಯ ಭಾಷಣದಲ್ಲಿ ಎಲ್ಲಿ ಸೇರಿಸಲಿ ಎಂದು ಯೋಚಿಸುತ್ತಿದ್ದೆ.

ಉದ್ಘಾಟನೆಗೆ ಎತ್ತು ಕೊಟ್ಟವನು ಪಕ್ಕದ ಮನೆಯ ಶಿವಣ್ಣ. ಅವನ ತೋಟ ಕೆರೆಯ ಕೆಳಗೇ ಇದೆ. ಬೆಳಗ್ಗೆ ಹೋಗುವಾಗ ದೋಣಿಯನ್ನು ನೀರಿಗೆ ಬಿಟ್ಟು, ಸಂಜೆ ಬರುವಾಗ ಹೇರಿಕೊಂಡು ಬರುತ್ತೇನೆಂದು ಒಪ್ಪಿಕೊಂಡಿದ್ದ. ದಾರಿಯಲ್ಲಿ ಜಾರದಿರಲೆಂದು ದೋಣಿಯನ್ನು ತೆಂಗಿನ ಹುರಿಹಗ್ಗದಲ್ಲಿ ಬಿಗಿದಿದ್ದ. ಎತ್ತುಗಳು ಗಾಡಿಯನ್ನು ಹಿಂದೊತ್ತುತ್ತ ನೀರಿಗಿಳಿಸಿದವು. ನಾನು ಏರಿಯ ಮೇಲೆ ನಿಂತು ಮಾತು ಶುರುಮಾಡಿದೆ. ನೀರು ಏರಿದಂತೆ ಹಗ್ಗ ನೆನೆಯಿತು, ಗಂಟು ಕಲ್ಲಾಯಿತು. ದೋಣಿ ಏಳಲು ನೋಡುತ್ತದೆ, ಹಗ್ಗ ಬಿಡದು. ಹಿಂದೆ ಜಾರಲು ನೋಡುತ್ತದೆ, ಹಲಗೆ ಬಿಡದು. ಕಾಯಿ ಬೀಳದಂತೆ ಕಟ್ಟಿದ ಗಾಡಿಯಿಂದ ದೋಣಿ ಮಾತ್ರ ಹೇಗೆ ಬೀಳಬೇಕು? ಎತ್ತುಗಳು ನಿಂತಲ್ಲೇ ನೀರು ಕುಡಿಯತೊಡಗಿದವು. "ಭಾಷಣ ಆಮೇಲೆ ಮಾಡೀರಂತೆ" ಎಂದು ನನಗೆ ಹೇಳಿ, "ಸೊಂಟದಲ್ಲಿರೋ ಆ ಮಚ್ಚು ಕೊಡಿ ಶಿವಣ್ಣ" ಎಂದು ಗಿರಿಜೆ ಸೆರಗು ಸಿಕ್ಕಿಸಿ ನೀರಿಗಿಳಿದಳು. ಹಗ್ಗ ಕಡಿದು, ಮಚ್ಚಿನ ಹಿಂಬದಿಯಿಂದ ಹಲಗೆಗೆ ಗುದ್ದಿದಳು. ದೋಣಿ ಜಾರಿ ನೀರಿನ ಮೇಲೆ ಕೂತಿತು. ಮುಚ್ಚಳ ಒಂದು ಹನಿ ನೀರನ್ನೂ ಒಳಗೆ ಬಿಡಲಿಲ್ಲ.

ಆಮೇಲಿನ ಕೆಲವು ದಿನಗಳನ್ನು ನೆನೆದರೆ ಈಗಲೂ ಸಂತೋಷವಾಗುತ್ತದೆ. ಬಿದಿರು ಗಳ ಊರಿ ದೋಣಿ ನಡೆಸುವುದನ್ನು ಅವಳು ತಾನೇ ಕಲಿತಳು. ಆಚೆ ದಡದಲ್ಲಿ ಮಕ್ಕಳು ಸಾಲಾಗಿ ನಿಂತು ಕಾಯುತ್ತಿದ್ದರಂತೆ. ಮೇಡಮ್ಮನ ದೋಣಿ ಮೊದಲು ಕಂಡವರಿಗೆ ಅಂದು ಹಾಜರಿ ಕೂಗುವ ಅಧಿಕಾರ. ಕುರಿಗಳು ಹಿರಿಯರ ಪಾಲಿಗೇ ಉಳಿದವು.

ಆದರೆ ದೋಣಿ ಆಚೆ ದಡದಲ್ಲಿರುವ ಹೊತ್ತೆಲ್ಲ ಗಾಡಿ ಈಚೆ ದಡದಲ್ಲಿ ಖಾಲಿ ನಿಂತಿರುತ್ತಿತ್ತು. ಅದೂ ಜೀಪಿನ ಚಕ್ರದ ಗಾಡಿ. ಕಬ್ಬಿಣದ ಪಟ್ಟಿಯ ಗಾಡಿಯಂತೆ ಕುಲುಕದು, ಕೆಸರಿನಲ್ಲಿ ಹೂಳದು. ಪಕ್ಕದಲ್ಲೇ ಶಿವಣ್ಣನ ತೋಟ, ಅದರಲ್ಲಿ ಕಾಯಿ ಕಿತ್ತ ರಾಶಿ. ಒಂದು ಸಂಜೆ ದೋಣಿ ದಡಕ್ಕೆ ಬಂದಾಗ ಗಾಡಿಯ ತುಂಬ ಕಾಯಿ. ನಾನು ಅವನನ್ನು ಕಟುವಾಗಿಯೇ ಕೇಳಿದೆ.

"ಒಂದೇ ಹೇರು ಬುಡಿ ಮೇಷ್ಟ್ರೇ. ಸಾರ್ವಜನಿಕ ಸ್ವತ್ತು ಸುಮ್ನೆ ಬಿದ್ದಿರಬಾರ್ದು ಅಂತ ನೀವೇ ತಾನೇ ಏರಿ ಮ್ಯಾಲೆ ನಿಂತ್ಕಂಡು ಹೇಳಿದ್ದು?"

ಹೇಳಿದ್ದೆ. ಶಿವಣ್ಣನ ಒಂದು ಹೇರು ನೋಡಿ ಅವನ ಷಡ್ಡಕ ಬಂದ, ಷಡ್ಡಕನನ್ನು ನೋಡಿ ಕೆಳಗಿನ ಬೀದಿಯವರು ಬಂದರು. ಎಲ್ಲರದೂ ಒಂದೇ ಹೇರು, ದೋಣಿಗೆ ಮಾತ್ರ ಗಾಡಿ ಬಿಡುವಾಗಲೇ ಇಲ್ಲ. ದೋಣಿಯನ್ನು ರಾತ್ರಿ ದಡದಲ್ಲೇ ಮರಕ್ಕೆ ಕಟ್ಟಿಬಿಡೋಣವೆಂದು ಗಿರಿಜೆ ಸೂಚಿಸಿದಳು. ಅದಕ್ಕೆ ಸಮಿತಿಯ ನಿರ್ಣಯ ಅಡ್ಡಬಂತು: ಪಾತ್ರೆ ವ್ಯಾಪಾರಿಗಳ ದುರಾಸೆಯನ್ನು ಗಮನದಲ್ಲಿಟ್ಟುಕೊಂಡು ದೋಣಿ ರಾತ್ರಿ ಕೆರೆಯ ಬಳಿ ಇರಕೂಡದು. ಅದನ್ನು ಮಂಡಿಸಿದವನು ನಾನು, ಅನುಮೋದಿಸಿದವನು ಶಿವಣ್ಣ. ಕೊನೆಗೊಂದು ದಿನ ದೋಣಿಯನ್ನು ಜನ ಹೊತ್ತು ತಂದು ನಮ್ಮ ಅಂಗಳದಲ್ಲಿ ಕಲ್ಲಿನ ಮೇಲಿಟ್ಟರು. ಮರುದಿನದಿಂದ ಗಿರಿಜೆ ಮತ್ತೆ ಏರಿ ಸುತ್ತಿದಳು, ಕೋಡಿ ದಾಟಿದಳು. ಒದ್ದೆ ಸೀರೆಯನ್ನು ಸಂಜೆ ದೋಣಿಯ ಮೇಲೆಯೇ ಹರವುತ್ತಾಳೆ. ಹಗ್ಗ ಕಟ್ಟಲು ಜಾಗವಿಲ್ಲವಲ್ಲ. "ಇವತ್ತು ಎಷ್ಟು ಮಕ್ಕಳು?" ಎಂದು ನಾನು ಕೇಳಿದರೆ, "ಕುರಿಗಳನ್ನ ಕೇಳಿ" ಎನ್ನುತ್ತಾಳೆ.

ಇದನ್ನು ಸಹಿಸಲಾಗದೆ ನಿನ್ನೆ ಒಂದು ಬಹಿರಂಗ ಬೇಡಿಕೆ ಬರೆಯಲು ಕುಳಿತೆ. ಅಚ್ಚು ಬಾಗಿಸಿ ಓಡಿಹೋದ ಇಲಾಖೆ, ಮೊಳೆ ಹೊಡೆದ ಆಚಾರಿಗಳು, ಶಿವಣ್ಣ, ಅವನ ಷಡ್ಡಕ, ಕೆಳಗಿನ ಬೀದಿ, ಯಾರನ್ನೂ ಬಿಡಲಿಲ್ಲ. ಬರೆದದ್ದನ್ನು ಗಿರಿಜೆಗೆ ಓದಿ ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು.

"ಚೆನ್ನಾಗಿದೆ ರೀ. ಗಾಡಿ ಈಗ ಎಲ್ಲಿದೆ?"

ಗಾಡಿ ನಮ್ಮ ಹಿತ್ತಲಲ್ಲಿತ್ತು. ಹೋದ ವಾರ ಶಿವಣ್ಣ, "ನಿಮ್ದೂ ಒಂದು ಹೇರು ತಂದ್ಬುಟ್ಟೆ ಮೇಷ್ಟ್ರೇ" ಎಂದು ನಮ್ಮ ತೋಟದ ಕಾಯಿ ಹೇರಿ ತಂದು ನಿಲ್ಲಿಸಿ ಎತ್ತು ಬಿಚ್ಚಿಕೊಂಡು ಹೋಗಿದ್ದ. ಅಟ್ಟದಲ್ಲಿ ಹಳೆಯ ಕಾಯಿ ಇನ್ನೂ ಇತ್ತು. ಜಾಗ ಮಾಡಿ ಭಾನುವಾರ ಇಳಿಸುತ್ತೇನೆಂದಿದ್ದೆ. ಭಾನುವಾರ ತಿಪಟೂರಿನಲ್ಲಿ, ಹಳ್ಳಿಗಾಡಿನ ಉಪಾಧ್ಯಾಯಿನಿಯರ ದಾರಿಯ ಕಷ್ಟಗಳನ್ನು ಕುರಿತು ಸಭೆಯಿತ್ತು. ಮುಖ್ಯ ಭಾಷಣ ನನ್ನದು.

ಆದ್ದರಿಂದ ಹಿಂದಿನ ಬೇಡಿಕೆಯನ್ನು ಹಿಂತೆಗೆದುಕೊಂಡು, ಹೊಣೆಗಾರರಾದ ದೋಣಿ ಸಂರಕ್ಷಣಾ ಸಮಿತಿಯ ಅಧ್ಯಕ್ಷರ ಮುಂದೆ ಇದನ್ನು ಇಡುತ್ತಿದ್ದೇನೆ. ತಾವು ನಾಳೆ ಹಟ್ಟಿಯ ಶಾಲೆ ಶುರುವಾಗುವ ಮೊದಲು ತಮ್ಮ ಹಿತ್ತಲಿನ ಗಾಡಿಯಿಂದ ತಮ್ಮ ಕಾಯಿಗಳನ್ನು ಇಳಿಸಿ, ದೋಣಿಯನ್ನು ನೀರಿಗೆ ತಲುಪಿಸತಕ್ಕದ್ದು. ದೋಣಿ ರಾತ್ರಿ ಎಲ್ಲಿರಬೇಕೆಂಬುದನ್ನು ಅದನ್ನು ನಡೆಸುವವಳೇ ತೀರ್ಮಾನಿಸತಕ್ಕದ್ದು. ತಿಪಟೂರಿನ ಮುಂದಿನ ಸಭೆಯಿಂದ ಬರುವಾಗ, ಹಿಡಿಯಿರುವ ಒಂದು ದೊಡ್ಡ ಮುಚ್ಚಳವನ್ನು ತರತಕ್ಕದ್ದು. ಮತ್ತು ಕಾಯಿ ಇಳಿಸುವುದಕ್ಕೆ ಶಿವಣ್ಣನನ್ನು ಕರೆಯಕೂಡದು.