ಮನೆಗೆ ಅಂಟಿಸಿದ ಕೆಂಪು ಚೀಟಿ

ಬೇರೆಯವರು ಮನೆ ಬದಲಿಸುವಾಗ ಸಾಮಾನು ಕಟ್ಟುತ್ತಾರೆ, ಟೆಂಪೋ ಕರೆಯುತ್ತಾರೆ, ಹೋಗುತ್ತಾರೆ. ನಮ್ಮ ಮನೆಯಲ್ಲಿ ಯಾವುದೂ ಇಷ್ಟು ಸರಳವಾಗಿ ನಡೆದದ್ದು ನನಗೆ ನೆನಪಿಲ್ಲ. ಒಂದು ಮುರಿದ ಸೌಟನ್ನು ಹೊರಗೆ ಹಾಕಬೇಕೆಂದರೂ ಮೂರು ಜನರ ಮೀಟಿಂಗ್ ಆಗುತ್ತದೆ. ಕೊನೆಗೆ ಸೌಟು ಒಳಗೇ ಉಳಿದು, ಸಿಟ್ಟು ಮಾಡಿಕೊಂಡು ಹೊರಗೆ ಹೋದವನು ನಾನಾಗಿರುತ್ತೇನೆ.

ಪುಣೆಯ ನಮ್ಮ ಸೊಸೈಟಿಗೆ ವಯಸ್ಸಾಗಿದೆ. ಕಟ್ಟಡ ಕೆಡವಿ ಹೊಸದು ಕಟ್ಟುತ್ತೇವೆ, ಅಲ್ಲಿಯವರೆಗೆ ಬಾಡಿಗೆ ಮನೆಯಲ್ಲಿರಿ ಎಂದು ಬಿಲ್ಡರ್ ಹೇಳಿದ. ನಮಗೆ ಸಿಕ್ಕ ಬಾಡಿಗೆ ಮನೆಯಲ್ಲಿ ನಮ್ಮ ಅಟ್ಟದ ಮೇಲಿನ ಸಾಮಾನೊಂದೇ ಹಿಡಿಸುವುದು ಕಷ್ಟ. ಇರುವವರು ನಾವು ಮೂವರು: ನಾನು, ನನ್ನ ಹೆಂಡತಿ, ನನ್ನ ಅವ್ವ. ಕೈಯಲ್ಲಿದ್ದದ್ದು ಎರಡು ತಿಂಗಳು. "ಈ ಕೆಲಸ ನನಗ ಬಿಡ್ರಿ" ಎಂದೆ. ರಾಂಜಣಗಾಂವದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸ್ಟೋರ್ ಕೀಪರ್ ಆಗಿದ್ದವನು ನಾನು. ನನ್ನ ಸಹಿ ಇಲ್ಲದೆ ಅಲ್ಲಿಂದ ಒಂದು ಸ್ಕ್ರೂ ಹೊರಗೆ ಹೋಗುತ್ತಿರಲಿಲ್ಲ. ಎರಡು ಕೋಣೆ, ಒಂದು ಅಡುಗೆಮನೆ ಯಾವ ಲೆಕ್ಕ ಎಂದುಕೊಂಡಿದ್ದೆ.

ಕೆಂಪು ಚೀಟಿ

ಕಾರ್ಖಾನೆಯಲ್ಲಿ ನಮ್ಮದೊಂದು ಪದ್ಧತಿ ಇತ್ತು. ಬಹಳ ದಿನ ಯಾರೂ ಮುಟ್ಟದ ಸಾಮಾನಿಗೆ ಒಂದು ಕೆಂಪು ಚೀಟಿ ಅಂಟಿಸುವುದು. ಅದರಲ್ಲಿ ಮೂರೇ ಸಾಲು: ಹೆಸರು, ಕೊನೆಗೆ ಉಪಯೋಗಿಸಿದ್ದು ಯಾವಾಗ, ಯಾರಿಗೆ ಬೇಕು. ಹದಿನೈದು ದಿನದೊಳಗೆ ಮೂರನೆಯ ಸಾಲಿನಲ್ಲಿ ಯಾರೂ ಸಹಿ ಮಾಡದಿದ್ದರೆ ಸಾಮಾನು ಗೇಟಿನ ಹೊರಗೆ.

ಕೆಂಪು ಕಾಗದ ತಂದು ಚೀಟಿ ಮಾಡಿ, ಮನೆಯ ತುಂಬ ಅಂಟಿಸಿದೆ. ಬಾಡಿಗೆ ಮನೆಗೆ ಒಬ್ಬೊಬ್ಬರಿಗೆ ಇಪ್ಪತ್ತೇ ಸಾಮಾನು ಎಂದೂ ಸಾರಿದೆ. ಅವ್ವನ ಕೋಣೆಯ ಬಾಗಿಲ ಹಿಂದೆ ಗೂಟಕ್ಕೆ ಅಪ್ಪನ ಕಂದು ಉಣ್ಣೆಯ ಕೋಟು ತೂಗುತ್ತಿತ್ತು. ಅಪ್ಪ ಹೋಗಿ ಹನ್ನೆರಡು ವರ್ಷ. ಅದೇ ವರ್ಷ ಅವ್ವ ಧಾರವಾಡದ ಮನೆ ಬಿಟ್ಟು ನಮ್ಮ ಹತ್ತಿರ ಬಂದಳು, ಕೋಟೂ ಅವಳ ಜೊತೆ ಬಂತು. ಅದರ ಮುಂದೆ ನಿಂತಾಗ ನನ್ನ ಕೈ ಸ್ವಲ್ಪ ತಡೆಯಿತು. ಆದರೆ ಒಂದಕ್ಕೆ ಬಿಟ್ಟರೆ ಎಲ್ಲಕ್ಕೂ ಬಿಡಬೇಕಾಗುತ್ತದೆ ಎಂದು ಅದಕ್ಕೂ ಅಂಟಿಸಿದೆ. ಅವ್ವ ಚಾಳೀಸು ಹಾಕಿಕೊಂಡು ಚೀಟಿಯ ಮೂರೂ ಸಾಲು ಓದಿದಳು.

"ಒಂದು ಹೆಚ್ಚಿನ ಚೀಟಿ ಇದ್ರ ಕೊಡು, ತಮ್ಮಾ" ಎಂದಳಷ್ಟೆ. ಮುದುಕಿ ಕೂಡ ಕೆಲಸಕ್ಕೆ ಕೈ ಹಚ್ಚಿದಳಲ್ಲ ಎಂದು ನನಗೆ ಖುಷಿಯಾಯಿತು.

ಮಧ್ಯಾಹ್ನ ಊಟ ಮಾಡಿ ಆರಾಮ ಕುರ್ಚಿಯಲ್ಲಿ ಸಣ್ಣ ನಿದ್ದೆ ತೆಗೆದು ಎದ್ದೆ. ಅಂಗಿಯ ಮೇಲೆ ಏನೋ ಅಂಟಿಕೊಂಡಿತ್ತು. ಕಿತ್ತು ನೋಡಿದರೆ ಕೆಂಪು ಚೀಟಿ. ಹೆಸರು: ಸ್ಟೋರ್ ಕೀಪರ್. ಕೊನೆಗೆ ಉಪಯೋಗಿಸಿದ್ದು: ರಿಟಾಯರ್ ಆದ ದಿನ. ಯಾರಿಗೆ ಬೇಕು ಎಂಬಲ್ಲಿ ಖಾಲಿ.

ಚೀಟಿ ಹಿಡಿದು ಅಡುಗೆಮನೆಗೆ ಹೋದೆ. "ಯಾರ್ ಬರದದ್ದು ಇದು?"

"ಅತ್ತಿಯವರು ಬರದಾರ್ರಿ" ಎಂದಳು ಹೆಂಡತಿ, ರೊಟ್ಟಿಯ ಮೇಲಿನ ಕಣ್ಣು ತೆಗೆಯದೆ.

"ಅವ್ವ ಬರೀಲಿ. ಯಾರಿಗೆ ಬೇಕು ಅನ್ನೋ ಜಾಗಾ ಖಾಲಿ ಅದ ಅಲ್ಲ, ಅದನ್ನ ನೀನರೆ ತುಂಬಬಹುದಿತ್ತಲ್ಲ?"

ಅವಳು ಚೀಟಿ ಇಸಕೊಂಡು ಓದಿ, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಳು.

"ಹದಿನೈದು ದಿನ ಟೈಮ್ ಅದ ಅಲ್ರಿ. ವಿಚಾರ ಮಾಡ್ತೀನಿ."

ಇರ್ಲಿ ಬಿಡ್ರಿ

ನನ್ನ ಪದ್ಧತಿಗೆ ಎದುರಾಗಿ ನಿಂತದ್ದು ಎರಡು ಶಬ್ದ. ಯಾವ ಸಾಮಾನು ಎತ್ತಿದರೂ ಹೆಂಡತಿ "ಇರ್ಲಿ ಬಿಡ್ರಿ" ಎನ್ನುತ್ತಾಳೆ, ಅವ್ವ "ಇರ್ಲಿ ಬಿಡು" ಎನ್ನುತ್ತಾಳೆ. ಇದರ ಬಗ್ಗೆ ನಾನು ಕೂತು ಯೋಚಿಸಿದ್ದೇನೆ. ಇರಲಿ ಎಂದರೆ ಇಟ್ಟುಕೋ. ಬಿಡು ಎಂದರೆ ಬಿಟ್ಟುಬಿಡು. ಒಂದೇ ಉಸಿರಿನಲ್ಲಿ ಎರಡೂ ಹೇಳಿದ ಮೇಲೆ ಕೇಳಿದವನು ಮಾಡುವುದೇನು? ಸಾಮಾನನ್ನು ಎತ್ತಿದ ಜಾಗದಲ್ಲೇ ಇಟ್ಟು ಕೈ ತೊಳೆಯುತ್ತಾನೆ. ನಾನೂ ಅದನ್ನೇ ಮಾಡುತ್ತ ಬಂದಿದ್ದೇನೆ.

ಒಂದು ದಿನ ಅಡುಗೆಮನೆಯ ಖಾನೆಯಲ್ಲಿ ಕೀಲಿಕೈಗಳ ದೊಡ್ಡ ಗೊಂಚಲು ಸಿಕ್ಕಿತು. ಧಾರವಾಡದ ಕಡೆ ಬೀಗಕ್ಕೆ ಕೀಲಿ, ಅದನ್ನು ತೆರೆಯುವುದಕ್ಕೆ ಕೀಲಿಕೈ ಎನ್ನುತ್ತೇವೆ.

"ಇವು ಯಾವ ಕೀಲಿವು?"

"ಗೊತ್ತಿಲ್ರಿ."

"ಹಂಗಾದ್ರ ಒಗೀತೀನಿ."

"ಇರ್ಲಿ ಬಿಡ್ರಿ. ನಾಳೆ ಕೀಲಿ ಸಿಕ್ಕರ ಏನ್ ಮಾಡ್ತೀರಿ?"

ನನ್ನ ದುರದೃಷ್ಟಕ್ಕೆ ಮರುದಿನ ಅಟ್ಟದ ಮೇಲೆ ಒಂದು ಹಿತ್ತಾಳೆಯ ಕೀಲಿ ಸಿಕ್ಕಿತು. ಹೆಂಡತಿ ಗೆದ್ದ ಮುಖ ಮಾಡಿದಳು. ಇಬ್ಬರೂ ಕೂತು ಗೊಂಚಲಿನ ಒಂದೊಂದೇ ಕೈ ಹಾಕಿ ತಿರುವಿದೆವು. ಚಹಾ ಎರಡು ಸಲ ಆಯಿತು, ಕೀಲಿ ತೆರೆಯಲಿಲ್ಲ.

"ಈಗರೆ ಎರಡೂ ಒಗೀಲಾ?" ಎಂದೆ.

"ಇರ್ಲಿ ಬಿಡ್ರಿ" ಎಂದಳು. "ಕೀಲಿ ಸಿಕ್ಕದ, ಇನ್ನ ಅದರ ಕೈನೂ ಸಿಗತದ."

ಬ್ಯಾಡ

ಕೆಟ್ಟ ಸಾಮಾನು ಒಯ್ಯಲು ಭಂಗಾರದವನನ್ನು, ಎಂದರೆ ಗುಜರಿಯವನನ್ನು, ಕರೆಸಿದೆ. ಎರಡು ಗುಡ್ಡೆ ಮಾಡಿದ್ದೆ, ಒಂದು ಕೊಡುವುದು, ಒಂದು ಇಡುವುದು. ಅವ್ವನನ್ನು ಕುರ್ಚಿ ಹಾಕಿ ನಡುವೆ ಕಾವಲು ಕೂಡಿಸಿ, ಅವನ ಗಾಡಿಗೆ ಜಾಗ ಮಾಡಿಸಲು ಕೆಳಗೆ ಹೋದೆ. ವಾಚ್‌ಮನ್ ಜೊತೆ ಮಾತಿಗೆ ನಿಂತದ್ದು ನನ್ನದೇ ತಪ್ಪು.

ಅವ್ವನಿಗೆ ಮರಾಠಿ ಚೆನ್ನಾಗಿಯೇ ಬರುತ್ತದೆ. ಆದರೆ ಗಡಿಬಿಡಿಯಾದರೆ ಬಾಯಿಗೆ ಬರುವುದು ಧಾರವಾಡದ ಕನ್ನಡ ಮಾತ್ರ. ಭಂಗಾರದವನು ಇಡುವ ಗುಡ್ಡೆಗೆ ಕೈ ಹಾಕಿ ಅವಳ ಟೇಬಲ್ ಫ್ಯಾನ್ ಎತ್ತಿದ.

"ಬ್ಯಾಡ" ಎಂದಳು ಅವ್ವ.

ಅವನು ಫ್ಯಾನನ್ನು ತಿರುಗಿಸಿ ನೋಡಿದ. "ಬ್ಯಾಡ್? ಹೋ ಆಜಿ, ಬ್ಯಾಡ್‌ಚ್ ಆಹೇ" ಎಂದ, ಹೌದಜ್ಜಿ, ಕೆಟ್ಟದ್ದೇ ಎಂದು ಒಪ್ಪಿ ಚೀಲಕ್ಕೆ ಹಾಕಿದ.

ಇಸ್ತ್ರಿಪೆಟ್ಟಿಗೆ ಎತ್ತಿದ. "ಅಯ್ಯ, ಅದೂ ಬ್ಯಾಡೋ." ಅದೂ ಬ್ಯಾಡ್ ಎಂದು ತಿಳಿದು ಅದನ್ನೂ ಹಾಕಿದ. ಅವ್ವ ಎದ್ದು ನಿಂತು ಎರಡೂ ಕೈ ಆಡಿಸುತ್ತ "ಬ್ಯಾಡ, ಬ್ಯಾಡ, ಒಂದೂ ಬ್ಯಾಡ" ಎಂದಳು. ಅವನು ಕೈ ಮುಗಿದು ಇಡೀ ಗುಡ್ಡೆಯನ್ನೇ ತುಂಬಿಕೊಂಡ.

ಕೆಳಗೆ ನನ್ನನ್ನು ಕಂಡವನೇ ಮನಸ್ಸು ತುಂಬಿ ಹೊಗಳಿದ. "ಕಾಕಾ, ತುಮಚ್ಯಾ ಆಜೀ ಲೈ ಇಮಾನದಾರ್." ಬೇರೆ ಮನೆಯವರು ಕೆಟ್ಟದ್ದನ್ನೂ ಒಳ್ಳೆಯದು ಎಂದು ಸಾಧಿಸುತ್ತಾರಂತೆ. ತಾನಾಗಿಯೇ ಎಲ್ಲವೂ ಬ್ಯಾಡ್ ಎಂದು ಹೇಳಿದ ಪ್ರಾಮಾಣಿಕ ಅಜ್ಜಿಯನ್ನು ಅವನು ಕಂಡದ್ದು ಇದೇ ಮೊದಲಂತೆ.

ಅಷ್ಟರಲ್ಲಿ ಮೇಲಿನ ಗ್ಯಾಲರಿಯಿಂದ ಅವ್ವ ನನ್ನ ಹೆಸರು ಹಿಡಿದು ಕೂಗತೊಡಗಿದ್ದಳು. ನಾಲ್ಕೂ ವಿಂಗಿನವರು ಕಿಟಕಿಗೆ ಬಂದರು. ಎಲ್ಲರೆದುರು ಅವನ ಕಾಲು ಹಿಡಿಯುವುದೊಂದು ಬಾಕಿ, ಹಾಗೆ ಕೇಳಿಕೊಂಡು ಸಾಮಾನೆಲ್ಲ ಇಳಿಸಿಕೊಂಡೆ. ಫ್ಯಾನನ್ನು ಹೆಗಲ ಮೇಲೆ ಹೊತ್ತು ಮೂರು ಮಹಡಿ ಹತ್ತಿ, ಅವ್ವನ ಎದುರಿಗಿಟ್ಟು ಪ್ಲಗ್ ಹಾಕಿದೆ.

ಭಂಗಾರದವನು ಹೇಳಿದ್ದೇ ಖರೆ ಇತ್ತು.

ಭಾಂಡೆಯವಳು

ಹದಿನೈದು ದಿನ ಮುಗಿದವು. ಅಪ್ಪನ ಕೋಟಿನ ಚೀಟಿಯಲ್ಲಿ ಯಾರ ಸಹಿಯೂ ಇರಲಿಲ್ಲ. ನಾನೇ ಮಾಡಬಹುದಿತ್ತು. ಆದರೆ ಕಾಯ್ದೆ ಮಾಡಿದವನೇ ಮುರಿದರೆ ಉಳಿದವರು ಕೇಳುತ್ತಾರೆಯೇ ಎಂಬ ಹಟ ನನ್ನದು.

"ಬೇಕಿದ್ರ ಸಹಿ ಮಾಡು, ಅವ್ವ" ಎಂದೆ.

"ನಿನ್ನ ಕಾಯ್ದೆ ನಿನಗ ಇರ್ಲಿ, ತಮ್ಮಾ" ಎಂದು ಅವಳೇ ಕೋಟನ್ನು ಗೂಟದಿಂದ ತೆಗೆದು, ಮಡಚಿ, ಹಳೇ ಬಟ್ಟೆಗಳ ಗುಡ್ಡೆಯ ಮೇಲಿಟ್ಟಳು. ಗಂಟನ್ನೂ ಅವಳೇ ಕಟ್ಟುತ್ತೇನೆಂದಳು. ಒಂದು ಹಳೇ ಧೋತರದಲ್ಲಿ ಕಟ್ಟಿ ಬಾಗಿಲಿಗೆ ತಂದಿಟ್ಟಳು.

ಪುಣೆಯಲ್ಲಿ ಹಳೇ ಬಟ್ಟೆ ತೆಗೆದುಕೊಂಡು ಬದಲಿಗೆ ಸ್ಟೀಲಿನ ಪಾತ್ರೆ ಕೊಡುವ ಭಾಂಡೆಯವಳು ಬರುತ್ತಾಳೆ. ಗಂಟನ್ನು ನಾನೇ ಎತ್ತಿ ಅವಳ ಮುಂದಿಟ್ಟೆ. ಬಿಚ್ಚಿ ನೋಡಲಿಲ್ಲ. ಕಾರ್ಖಾನೆಯಲ್ಲಿ ಬಿಚ್ಚಿ ನೋಡದೆ ಕೊಟ್ಟವರನ್ನು ಮೂವತ್ತು ವರ್ಷ ಬೈದವನು ನಾನು. ಅವತ್ತು ಆ ಕೋಟಿನ ಮುಖ ನೋಡುವ ಧೈರ್ಯ ಇರಲಿಲ್ಲ. ಅವಳೂ ಗಂಟನ್ನು ಬರೀ ಕೈಯಲ್ಲಿ ತೂಗಿ ನೋಡಿ ಎರಡು ಡಬ್ಬಿ ಹೊರಗಿಟ್ಟಳು.

ಹೆಂಡತಿಯ ಕಣ್ಣು ಮೂರನೆಯ ಡಬ್ಬಿಯ ಮೇಲಿತ್ತು.

"ಅಜೂನ್ ಏಕ್ ಪ್ಯಾಂಟ್ ದ್ಯಾ, ತಾಈ" ಎಂದಳು ಭಾಂಡೆಯವಳು. ಇನ್ನೊಂದು ಪ್ಯಾಂಟು ಕೊಟ್ಟರೆ ಅದೂ ನಿಮ್ಮದೇ ಎಂದು.

ಹೆಂಡತಿ ಸುತ್ತಲೂ ನೋಡಿ, ಕೊನೆಗೆ ನಾನು ಹಾಕಿಕೊಂಡಿದ್ದ ಪ್ಯಾಂಟನ್ನೇ ನೋಡತೊಡಗಿದಳು. ನಾನು ಒಳಗೆ ಹೋಗಿ ಲುಂಗಿ ಉಟ್ಟು ಬರಬೇಕಾಯಿತು.

ಹೋದದ್ದು ಬಟ್ಟೆ, ಬಂದದ್ದು ಮೂರು ಡಬ್ಬಿ. "ಸಾಮಾನು ಕಡಿಮಿ ಮಾಡ್ರಿ ಅಂದ್ರ ಹೆಚ್ಚ ಮಾಡಿದಿ. ಈ ಡಬ್ಬಿಯಾಗ ಹಾಕೂದರೆ ಏನದ?"

"ಆ ಕೀಲಿಕೈ ಹಾಕಿಡ್ತೀನ್ರಿ."

ಉದ್ದ ಕೈಯ ಕೋಟು

ಗೂಟ ಖಾಲಿಯಾಯಿತು. ದಿನಾ ಅವ್ವನ ಕೋಣೆಗೆ ಹೋದಾಗ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಅಪ್ಪ ಧಾರವಾಡದಲ್ಲಿ ಶಾಲೆಯ ಮಾಸ್ತರು. ಅವನು ಶಾಲೆಯಿಂದ ಬಂದ ಕೂಡಲೆ ನಾನು ಆ ಕೋಟಿನ ಕಿಸೆಗೆ ಕೈ ಹಾಕುತ್ತಿದ್ದೆ. ಒಂದು ಪೆಪ್ಪರಮಿಂಟು ಇದ್ದೇ ಇರುತ್ತಿತ್ತು. ಏನೂ ತರದ ದಿನ ಒಂದು ಸೀಮೆಸುಣ್ಣದ ತುಂಡು ಹಾಕಿಟ್ಟಿರುತ್ತಿದ್ದ, ನನ್ನ ಕೈ ಬರಿದೇ ಹೊರಗೆ ಬರಬಾರದು ಎಂದು. ಅಂಥ ಕೋಟನ್ನು ಸ್ಟೀಲಿನ ಡಬ್ಬಿಗೆ ಕೊಟ್ಟುಬಿಟ್ಟೆನಲ್ಲ ಎಂದು ನನಗೆ ಊಟ ಸೇರದಾಯಿತು.

ಭಾಂಡೆಯವಳನ್ನು ಹುಡುಕಿದೆ, ಸಿಗಲಿಲ್ಲ. ಹಳೇ ಬಟ್ಟೆ ಎಲ್ಲ ಜುನಾ ಬಜಾರಕ್ಕೆ ಹೋಗುತ್ತದೆ ಎಂದು ವಾಚ್‌ಮನ್ ಹೇಳಿದ. ಹೊರಡುವಾಗ ನೋಡಿದರೆ ನನ್ನ ಎರಡು ಒಳ್ಳೆಯ ಪ್ಯಾಂಟುಗಳೂ ಕಾಣಲಿಲ್ಲ. ಹೆಂಡತಿಯನ್ನು ಕೇಳಿದರೆ "ಸ್ಟೋರ್ ಕೀಪರ್ ನೀವ್ ಅಲ್ರಿ?" ಎಂದಳು. ಕೆಟ್ಟದ್ದೊಂದು ಹಾಕಿಕೊಂಡು ಎರಡು ಭಾನುವಾರ ಬಜಾರು ಅಲೆದೆ. ಎರಡನೆಯ ಭಾನುವಾರ ಒಂದು ಕಂದು ಉಣ್ಣೆಯ ಕೋಟು ಸಿಕ್ಕಿತು. ಅಪ್ಪನದಲ್ಲ ಎಂದು ಗೊತ್ತಿತ್ತು. ಬಣ್ಣ ಒಂದೇ, ಮುದುಕಿಯ ಕಣ್ಣು ಮಂಜು ಎಂದು ತಂದು, ಅವಳು ಇಲ್ಲದಾಗ ಗೂಟಕ್ಕೆ ಹಾಕಿದೆ.

ಆ ದಿನಗಳಲ್ಲಿ ಅವ್ವ ಮಧ್ಯಾಹ್ನವಾದರೆ ಒಂದು ಚೀಲ ಹಿಡಿದು ಎದುರುಮನೆಯ ಮರಾಠಿ ಕಾಕುವಿನ ಹತ್ತಿರ ಹೋಗಿಬಿಡುತ್ತಿದ್ದಳು. ನನ್ನ ಮೇಲಿನ ಸಿಟ್ಟಿಗೇ ಮನೆಯಲ್ಲಿ ಕೂಡುವುದಿಲ್ಲ ಎಂದು ನಾನು ತಿಳಿದಿದ್ದೆ. ಸಂಜೆ ಬಂದವಳು ಗೂಟದ ಮುಂದೆ ನಿಂತಳು.

"ಯಾರದ ಇದು?"

"ಅಪ್ಪಂದು, ಅವ್ವ. ಸಿಕ್ತು."

ಅವ್ವ ಕೋಟಿನ ತೋಳು ಹಿಡಿದು ಉದ್ದಕ್ಕೆ ಎಳೆದು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ನಿಮ್ಮಪ್ಪಾರು ಹೋದಮ್ಯಾಲೆ ಬೆಳದಾರೇನು, ತಮ್ಮಾ?"

ನಾನು ನಗಲು ಹೋದೆ, ಆಗಲಿಲ್ಲ. "ತಪ್ಪಾತು, ಅವ್ವ" ಎಂದೆ. ಅವಳು ನನ್ನ ಬೆನ್ನ ಮೇಲೆ ಕೈ ಆಡಿಸಿ "ಇರ್ಲಿ ಬಿಡು" ಎಂದಳು. ಆ ಎರಡು ಶಬ್ದಕ್ಕೆ ಹೀಗೂ ಒಂದು ಅರ್ಥ ಇದೆ ಎಂದು ಅವತ್ತು ನನಗೆ ತಿಳಿಯಿತು. ಉದ್ದ ಕೈಯ ಕೋಟು ಗೂಟದ ಮೇಲೇ ಉಳಿಯಿತು. ಸಾಮಾನು ಇನ್ನೊಂದು ಹೆಚ್ಚಾಯಿತು.

ಒಂದು ಸಾಮಾನು

ಟೆಂಪೋ ಬರುವ ಹಿಂದಿನ ದಿನ ಬೆಳಿಗ್ಗೆ ಕಾಕು, ಅವ್ವ, ನನ್ನ ಹೆಂಡತಿ ಮೂವರೂ ಸೇರಿ ಎದುರುಮನೆಯಿಂದ ಏನನ್ನೋ ಹೊತ್ತುಕೊಂಡು ಬಂದರು. "ಗೋಧಡೀ ಝಾಲೀ" ಎಂದು, ಅಂತೂ ಮುಗಿಯಿತು ಎಂಬಂತೆ, ಕಾಕು ನಕ್ಕರು. ನಮ್ಮ ಕಡೆಯ ಕೌದಿಗೆ ಅವರು ಗೋಧಡಿ ಎನ್ನುತ್ತಾರೆ. ಹಳೇ ಬಟ್ಟೆಗಳನ್ನು ತುಂಡು ಮಾಡಿ ಒಂದರ ಮೇಲೊಂದು ಇಟ್ಟು ಹೊಲಿದ ದಪ್ಪ ಹೊದಿಕೆ.

ಹಾಸಿ ನೋಡಿದೆ. ಹೆಂಡತಿ ಮದುವೆಯಾದ ಹೊಸತರಲ್ಲಿ ಉಡುತ್ತಿದ್ದ ಇಳಕಲ್ಲ ಸೀರೆಯ ಸೆರಗು. ಬೆಳಗಾವಿಯಲ್ಲಿರುವ ಮಗಳ ಶಾಲೆಯ ಯೂನಿಫಾರ್ಮ್. ನನ್ನ ಕಾರ್ಖಾನೆಯ ನೀಲಿ ಅಂಗಿ. ನಾನು ಕೆಂಪು ಚೀಟಿ ಅಂಟಿಸಿದ ಒಂದು ಬಟ್ಟೆಯೂ ತಪ್ಪಿರಲಿಲ್ಲ. ನಟ್ಟನಡುವೆ ಕಂದು ಉಣ್ಣೆಯ ದೊಡ್ಡ ಚೌಕ, ಅದರ ಮೇಲೆ ಅಪ್ಪನ ಕೋಟಿನ ಕಿಸೆ ಇದ್ದ ಹಾಗೇ ಇತ್ತು. ನನ್ನ ಕಣ್ಣು ತುಂಬಿ ಬಂದವು, ಸುಳ್ಳು ಯಾಕೆ ಹೇಳಲಿ.

"ಮತ್ತ ಆ ಗಂಟಿನ್ಯಾಗ ಏನಿತ್ತು, ಅವ್ವ?"

"ಕೌದಿಗೆ ಆಗಲಾರದ ಚಿಂದಿ ಇತ್ತು. ಗಂಟು ಹಗರ ಆದ್ರ ನಿನಗ ಗೊತ್ತಾಗತದಂತ ನಿನ್ನ ಎರಡು ಪ್ಯಾಂಟ್ ತುರುಕಿದ್ದೆ."

"ಅವು ಒಳ್ಳೇವು ಇದ್ದೂವಲ್ಲ."

"ಅದಕ್ಕ ಎರಡು ಡಬ್ಬಿ ಬಂದೂವು."

ಸ್ಟೋರ್ ಕೀಪರ್ ಸುಮ್ಮನಿರಲಾರ. ಒಬ್ಬೊಬ್ಬರಿಗೆ ಎಷ್ಟು ಸಾಮಾನು ಎಂದು ನಾನು ಮೊದಲೇ ಹೇಳಿದ್ದನ್ನು ನೆನಪಿಸಿದೆ. "ಇದನ್ನ ಎಷ್ಟು ಸಾಮಾನಂತ ಹಿಡೀಲಿ?"

"ಒಂದು" ಎಂದಳು ಅವ್ವ. ನಾನು ಪಟ್ಟಿಯಲ್ಲಿ ಒಂದು ಎಂದೇ ಬರೆದುಕೊಂಡೆ.

ಹಳೇ ಚಟ, ಕಿಸೆಗೆ ಕೈ ಹಾಕಿದೆ. ಬೆರಳಿಗೆ ಒಂದು ಪೆಪ್ಪರಮಿಂಟು ತಾಗಿತು, ಅದರ ಜೊತೆ ಮಡಚಿದ ಕಾಗದ. ತೆಗೆದು ನೋಡಿದರೆ ಕ್ಯಾಲೆಂಡರಿನ ಹಿಂದೆ ಇದ್ದ ಅದೇ ಕೆಂಪು ಚೀಟಿ. ಹೆಸರು: ಸ್ಟೋರ್ ಕೀಪರ್. ಕೊನೆಗೆ ಉಪಯೋಗಿಸಿದ್ದು: ರಿಟಾಯರ್ ಆದ ದಿನ. ಯಾರಿಗೆ ಬೇಕು ಎಂಬಲ್ಲಿ ಈಗ ಎರಡು ಸಹಿ, ಒಂದು ಅವ್ವನದು, ಒಂದು ಹೆಂಡತಿಯದು.

ಕೆಳಗೆ ಅವ್ವನ ಕೈಬರಹದಲ್ಲಿ ಒಂದು ಷರಾ: ಇರ್ಲಿ ಬಿಡು.