ಎಲ್ಲರಿಗಿಂತ ಕೆಳಗಿನ ಲೋಟ

ಶಾನ್‌ಡಾಂಗ್ ಪ್ರಾಂತ್ಯದ ಶಿಪಾನ್ ಜಿಲ್ಲೆಯಲ್ಲಿ ವಿದೇಶಿ ವ್ಯಾಪಾರಸ್ಥರ ಶಿಷ್ಟಾಚಾರ ತರಬೇತಿ ಕಚೇರಿ ಸ್ಥಾಪನೆಯಾದಂದಿನಿಂದ ಒಬ್ಬನೇ ಒಬ್ಬ ವಿದೇಶಿಯೂ ಅಲ್ಲಿ ಅಶಿಷ್ಟವಾಗಿ ನಡೆದುಕೊಂಡಿರಲಿಲ್ಲ. ಅಲ್ಲಿಯವರೆಗೆ ಯಾವ ವಿದೇಶಿಯೂ ಆ ಜಿಲ್ಲೆಗೆ ಬಂದೇ ಇರಲಿಲ್ಲ ಎಂಬುದಕ್ಕೂ ಈ ಸಾಧನೆಗೂ ಯಾವ ಸಂಬಂಧವೂ ಇಲ್ಲವೆಂದು ಕಚೇರಿಯ ವಾರ್ಷಿಕ ವರದಿ ಸ್ಪಷ್ಟಪಡಿಸಿತ್ತು.

ಕಚೇರಿಯ ಏಕೈಕ ಬೋಧಕ ಗೆಂಗ್ ಷೌಟ್ಯಾನ್. ಬೆಳ್ಳುಳ್ಳಿ ಬೆಳೆಯುವ ಹಳ್ಳಿಯಿಂದ ಬಂದ ಹುಡುಗ. ಅವನ ಕೆಲಸ ತಾತ್ಕಾಲಿಕ, ಜಂಬ ಮಾತ್ರ ಕಾಯಂ. ಆದರೆ ಕೆಲಸವೂ ಕಾಯಂ ಆಯಿತೆಂದು ಅವನು ಊರಿಗೆ ಫೋನು ಮಾಡಿ ಹೇಳಿಬಿಟ್ಟಿದ್ದ. ಅವನ ತಾಯಿ ಅದೇ ಖುಷಿಯಲ್ಲಿ ಇಡೀ ಓಣಿಗೆ ಕಡುಬು ಬೇಯಿಸಿ ಹಂಚಿದ್ದಳು. ಹಂಚಿದ ಕಡುಬನ್ನು ವಾಪಸು ಕೇಳುವಂತಿಲ್ಲ. ಹೊಸ ವರ್ಷದ ಹಬ್ಬದೊಳಗೆ ಕೆಲಸ ನಿಜಕ್ಕೂ ಕಾಯಂ ಆಗದಿದ್ದರೆ ಗೆಂಗ್ ಊರಿನ ಬಸ್ಸು ಹತ್ತುವಂತಿರಲಿಲ್ಲ.

ಕಲಿಸಲು ವಿದೇಶಿಯರಿಲ್ಲದ ಕಾರಣ ಕಚೇರಿಯ ಸಿಬ್ಬಂದಿಯೇ ತರಬೇತಿ ಪಡೆಯತಕ್ಕದ್ದೆಂದು ಸುತ್ತೋಲೆ ಹೊರಟಿತ್ತು. ಕಾವಲುಗಾರ ಪಾಸಾದ, ಕಾರಿನ ಚಾಲಕ ಪಾಸಾದ. ನಿರ್ದೇಶಕ ನಿಂಗ್ ಸಾಹೇಬರಂತೂ ಮೊದಲ ಸ್ಥಾನದಲ್ಲಿ ಪಾಸಾದರು. ಉತ್ತರಪತ್ರಿಕೆಗೆ ಸಹಿ ಹಾಕಬೇಕಾದವರೂ ಅವರೇ ಆದ್ದರಿಂದ ಫಲಿತಾಂಶ ಬೇಗ ಬಂತು.

ತರಬೇತಿಯ ಕಿರೀಟದಂಥ ಪಾಠ ಲೋಟದ್ದು. ಔತಣದಲ್ಲಿ ಸಾರಾಯಿ ಲೋಟಗಳನ್ನು ಒಂದಕ್ಕೊಂದು ತಾಗಿಸುವಾಗ ನಮ್ಮ ಲೋಟದ ಅಂಚು ಎದುರಿನವರ ಅಂಚಿಗಿಂತ ಕೆಳಗಿರಬೇಕು. ನೀವು ದೊಡ್ಡವರು, ನಾನು ಚಿಕ್ಕವನು ಎಂದು ಅದರ ಅರ್ಥ. ಇದು ಎಲ್ಲರಿಗೂ ಗೊತ್ತಿರುವುದೇ. ಗೆಂಗ್ ಇದಕ್ಕೆ ತನ್ನದೊಂದು ಮಾತು ಸೇರಿಸಿದ್ದ. "ನನ್ನ ಶಿಷ್ಯನ ಲೋಟದ ಕೆಳಗೆ ಇನ್ನೊಬ್ಬನ ಲೋಟ ಹೋಯ್ತು ಅಂದ್ರೆ ನನ್ನ ಮರ್ಯಾದೆ ಹೋಯ್ತು ಅಂತ. ಕೈ ಮುರಿದ್ರೂ ಪರವಾಗಿಲ್ಲ, ಇಳಿಸ್ತಾ ಇರಿ." ಅವನ ಶಿಷ್ಯರೆಲ್ಲ ಅಭ್ಯಾಸದಲ್ಲಿ ಅವನ ಲೋಟಕ್ಕಿಂತ ಕೆಳಗೇ ಹಿಡಿಯುತ್ತಿದ್ದರು. ಅವನ ಲೋಟ ಎದೆಯ ಮಟ್ಟದಿಂದ ಇಳಿದದ್ದನ್ನು ಕಂಡವರಿಲ್ಲ.

ಹೀಗಿರಲು ಆ ಚಳಿಗಾಲದಲ್ಲಿ ನಿಜವಾದ ವಿದೇಶಿಯೊಬ್ಬ ಬಂದ. ಹೆಸರು ಯೋರಿಸ್, ಹಾಲೆಂಡಿನವನು, ಬಾಗಿಲಿಗೆ ತಲೆ ಬಗ್ಗಿಸಿ ಬರುವಷ್ಟು ಎತ್ತರ. ಪಾಂಗ್ ಗುಯ್‌ಝನ್ ಎಂಬ ಹೆಂಗಸಿನ ಕಾರ್ಖಾನೆಯಿಂದ ಮನೆಬಳಕೆಯ ಲಿಫ್ಟುಗಳನ್ನು ಕೊಳ್ಳಲು ಬಂದಿದ್ದ. ನಿಯಮದ ಪ್ರಕಾರ ಪ್ರಮಾಣಪತ್ರವಿಲ್ಲದ ವಿದೇಶಿಗೆ ಔತಣವಿಲ್ಲ, ಔತಣವಿಲ್ಲದೆ ಒಪ್ಪಂದವಿಲ್ಲ. ಹಾಗಾಗಿ ಅವನನ್ನು ಗೆಂಗನ ಕೈಗೆ ಒಪ್ಪಿಸಲಾಯಿತು.

ನಿಂಗ್ ಸಾಹೇಬರು ಗೆಂಗನನ್ನು ಒಳಗೆ ಕರೆದರು. "ಒಪ್ಪಂದಕ್ಕೆ ಸಹಿ ಬಿತ್ತು ಅಂದ್ರೆ ನಿನ್ನ ಕೆಲಸ ಕಾಯಂ. ಬೀಳ್ಲಿಲ್ಲ ಅಂದ್ರೆ ಊರಿಗೆ ಹೋಗಿ ಬೆಳ್ಳುಳ್ಳಿ ಬಿಡಿಸ್ಕೊಂಡಿರು."

"ಸಾಹೇಬ್ರೇ, ನನ್ನ ಕೈಲಿ ಕಲಿತವನು ಸೋತು ಬಂದದ್ದುಂಟಾ?"

"ಇಲ್ಲ," ಎಂದರು ನಿಂಗ್. "ನಾನೂ ನಿನ್ನ ಕೈಲೇ ಕಲಿತವನು."

ಆ ಮಾತಿನಲ್ಲಿ ಯೋಚಿಸಬೇಕಾದದ್ದು ಏನಾದರೂ ಇದೆಯೆಂದು ಗೆಂಗನಿಗೆ ಹೊಳೆಯಲಿಲ್ಲ.

ಯೋರಿಸ್ ಪಾಸಾದ ಮೇಲೆ ಔತಣ ನಡೆದದ್ದು ಸರ್ಕಾರಿ ಅತಿಥಿಗೃಹದ ಮೂರನೆಯ ಮಹಡಿಯಲ್ಲಿ. ಬಾಗಿಲಿಗೆ ಮುಖ ಮಾಡಿ ನಿಂಗ್, ಅವರ ಬಲಗಡೆಗೆ ಯೋರಿಸ್, ಆಚೆಗೆ ಪಾಂಗ್, ಅವಳ ಪಕ್ಕ ಲೋಟವನ್ನು ಎದೆಯ ಮಟ್ಟಕ್ಕೆ ಹಿಡಿದ ಗೆಂಗ್. ಅಡುಗೆಯವಳಾದ ಲುವಾನ್ ಅಕ್ಕ ಮೀನಿನ ತಟ್ಟೆ ತಂದು ಅದರ ತಲೆ ಅತಿಥಿಯ ಕಡೆಗೆ ಬರುವಂತೆ ಇಟ್ಟಳು. ನಿಂಗ್ ಜೋಳದ ಸಾರಾಯಿಯ ಪುಟ್ಟ ಲೋಟ ಎತ್ತಿ ಎದ್ದು ನಿಂತರು. ಯೋರಿಸ್ ಎರಡೂ ಕೈಯಲ್ಲಿ ಲೋಟ ಹಿಡಿದು ಎದ್ದ.

ನಿಂಗ್ ತಮ್ಮ ಲೋಟವನ್ನು ಒಂದಿಷ್ಟು ತಗ್ಗಿಸಿದರು.

"ತಮ್ಮ ಮುಂದೆ ನಾನೆಷ್ಟರವನು," ಎಂದು ಯೋರಿಸ್ ಪಾಠದಲ್ಲಿದ್ದಂತೆ ಹೇಳಿ ಇನ್ನೂ ತಗ್ಗಿಸಿದ.

ನಿಂಗ್ ಮೇಜಿನ ಮಟ್ಟಕ್ಕೆ ಬಂದರು. ಯೋರಿಸ್ ಮಂಡಿಯ ಮಟ್ಟಕ್ಕೆ ಹೋದ. ಗೆಂಗನ ಎದೆ ಉಬ್ಬಿತು. ಪಾಂಗ್ ಕಡೆಗೆ ಬಾಗಿ, "ನೋಡಿ ಮೇಡಂ, ಹೇಗೆ ತಯಾರು ಮಾಡಿದೀನಿ," ಎಂದ.

"ಯಾರನ್ನ?" ಎಂದಳು ಪಾಂಗ್.

"ಇಬ್ಬರನ್ನೂ."

ಅಷ್ಟರಲ್ಲಿ ಇಬ್ಬರ ಗೆಣ್ಣುಗಳೂ ನೆಲ ಮುಟ್ಟಿದ್ದವು. ಕುಕ್ಕರಗಾಲಲ್ಲಿ ಕೂತು ಒಬ್ಬರನ್ನೊಬ್ಬರು ಗೌರವದಿಂದ ನೋಡುತ್ತಿದ್ದರು. ನಿಯಮದಲ್ಲಿ ಗೊಂದಲವಿರಲಿಲ್ಲ. ತಾಗಿಸದೆ ಕುಡಿಯುವಂತಿಲ್ಲ. ಕುಡಿಯದೆ ಲೋಟ ಕೈಬಿಡುವಂತಿಲ್ಲ. ಮೊದಲ ಲೋಟ ಖಾಲಿಯಾಗದೆ ಮೇಜಿನಲ್ಲಿ ಯಾರೂ ಚಾಪ್‌ಸ್ಟಿಕ್ ಎತ್ತುವಂತಿಲ್ಲ. ಲೋಟಗಳು ಸಮಸಮ ಇದ್ದರೆ ಇಬ್ಬರೂ ಅಹಂಕಾರಿಗಳೆಂದು ಲೆಕ್ಕ.

"ಮೀನು ತಣ್ಣಗಾಗ್ತಿದೆ," ಎಂದಳು ಲುವಾನ್ ಅಕ್ಕ.

"ಸಂಪ್ರದಾಯ ನಡೀತಿದೆ ಅಕ್ಕ," ಎಂದ ಗೆಂಗ್.

"ನಡೀಲಪ್ಪ. ಎಲ್ಲಿಗೆ ನಡೀತಿದೆ ಅಂತ ಹೇಳಿದ್ರೆ ಮೀನನ್ನ ಅಲ್ಲಿಗೇ ತರ್ತೀನಿ."

ಅವಳ ಮಾತು ಮುಗಿಯುವ ಮೊದಲೇ ನಿಂಗ್ ಕುಕ್ಕರಗಾಲಲ್ಲೇ ಹಿಂದಕ್ಕೆ ಸರಿಯುತ್ತ ಬಾಗಿಲು ದಾಟಿ, ಮೆಟ್ಟಿಲೊಂದನ್ನು ಇಳಿದು ಕೂತರು. ಕಚೇರಿಯ ನಿಯಮಗಳಲ್ಲೇ ತಲೆ ನರೆತ ಮನುಷ್ಯ, ಸುಲಭಕ್ಕೆ ಸೋಲುವವರಲ್ಲ. ಯೋರಿಸ್ ನಮ್ರವಾಗಿ ಅವರನ್ನು ದಾಟಿ ಕೆಳಗಿನ ಮೆಟ್ಟಿಲಿಗೆ ಹೋದ. ಹೀಗೆ ಒಬ್ಬರನ್ನೊಬ್ಬರು ಗೌರವಿಸುತ್ತ ಇಬ್ಬರೂ ಎರಡನೆಯ ಮಹಡಿಗೆ ಇಳಿದರು, ಗೆಂಗ್ ಮತ್ತು ಪಾಂಗ್ ಅವರ ಬೆನ್ನ ಹಿಂದೆ. ಅಲ್ಲಿ ನಡೆಯುತ್ತಿದ್ದ ಮದುವೆಯ ಊಟದವರು ದಾರಿ ಬಿಟ್ಟುಕೊಟ್ಟರು. ವಧುವಿನ ತಂದೆ ನಿಂಗ್ ಸಾಹೇಬರನ್ನು ಗುರುತಿಸಿ, "ಎಲ್ಲಿಗೆ ಸಾಹೇಬ್ರೇ?" ಎಂದ. "ಕೆಳಗೆ," ಎಂದರು ನಿಂಗ್. ಸರ್ಕಾರಿ ಕೆಲಸವಿರಬೇಕೆಂದು ಅವನು ಮುಂದೆ ಕೇಳಲಿಲ್ಲ.

ನೆಲಮಹಡಿಯೂ ಮುಗಿದು, ಎಲೆಕೋಸು ಪೇರಿಸಿದ ನೆಲಮಾಳಿಗೆ ಬಂತು. ಅದಕ್ಕಿಂತ ಕೆಳಗಿದ್ದದ್ದು ಒಂದೇ, ಪಾಂಗ್ ಕಾರ್ಖಾನೆಯವರು ಮಾದರಿಗೆಂದು ಕೂರಿಸಿದ್ದ ಲಿಫ್ಟಿನ ತಳದ ಗುಂಡಿ. ಯೋರಿಸ್ ಅದರ ಬಾಗಿಲು ತೆರೆಸಿ ಒಳಗೆ ಇಳಿದ. ನಿಂಗ್ ಅವನ ಹಿಂದೆಯೇ ಇಳಿದರು.

"ಮೇಡಂ, ಲಿಫ್ಟು ಮೇಲಿದೆ. ತಲೆ ಮೇಲೆ ಬಂದ್ರೆ?" ಎಂದ ಗೆಂಗ್.

"ಕರೆಂಟು ತೆಗೆಸಿದೀನಿ," ಎಂದಳು ಪಾಂಗ್. "ಅಲ್ಲದೆ ನಮ್ಮ ಲಿಫ್ಟು ಹೇಳದೆ ಕೆಳಗೆ ಬರಲ್ಲ. ಹೇಳಿದ್ರೂ ಒಂದೊಂದ್ಸಲ ಬರಲ್ಲ." ಆಮೇಲೆ ದನಿ ತಗ್ಗಿಸಿ, "ನೋಡು ಗೆಂಗ್, ಕಾರ್ಖಾನೇಲಿ ಮಾಡಿಟ್ಟ ಲಿಫ್ಟು ಅಂಗಳ ತುಂಬಿದೆ. ಆ ಪುಣ್ಯಾತ್ಮ ಇವತ್ತು ಸಹಿ ಹಾಕ್ಬೇಕು. ಏನಾದ್ರೂ ಮಾಡು," ಎಂದಳು.

ಗೆಂಗ್ ಗುಂಡಿಯೊಳಗೆ ಇಣುಕಿದ. ಯೋರಿಸ್ ಕಾಲು ಮಡಚಿ ಎಣ್ಣೆಜಿಡ್ಡಿನ ನೆಲದ ಮೇಲೆ ಮಲಗಿದ್ದ. ನಿಂಗ್ ಅವನ ಪಕ್ಕ ಬೋರಲು ಬಿದ್ದಿದ್ದರು. ಲೋಟಗಳು ನೆಲಕ್ಕೆ ಅಂಟಿದ್ದವು. ಒಂದು ಹನಿ ಸಾರಾಯಿಯೂ ಚೆಲ್ಲಿರಲಿಲ್ಲ. ಪಾಠ ಅಷ್ಟು ಚೆನ್ನಾಗಿ ಆಗಿತ್ತು.

"ಸಾಹೇಬ್ರೇ, ನೀವೇ ಒಂಚೂರು ಸೋತುಬಿಡಿ," ಎಂದ ಗೆಂಗ್.

"ಮೊದಲನೇ ಸ್ಥಾನ ಬಂದವನು ಕಣಯ್ಯಾ ನಾನು."

"ಯೋರಿಸ್, ನೀನಾದ್ರೂ?"

"ಮೇಷ್ಟ್ರೇ, ತಮ್ಮ ಮರ್ಯಾದೆ ನನ್ನ ಕೈಯಲ್ಲಿದೆ," ಎಂದ ಯೋರಿಸ್ ಮಲಗಿದಲ್ಲಿಂದಲೇ.

ಗೆಂಗನ ಕಣ್ಣ ಮುಂದೆ ಊರಿನ ಬಸ್ಸು, ತಾಯಿ, ಕಡುಬು ತಿಂದ ಇಡೀ ಓಣಿ ಹಾದುಹೋಯಿತು. ಅದೇ ಹೊತ್ತಿಗೆ ಗುಂಡಿಯ ಮೂಲೆಯಲ್ಲಿ, ಸೋರಿದ ನೀರು ಇಂಗಲೆಂದು ತೋಡಿದ್ದ ಸಣ್ಣ ಕುಳಿಯೊಂದು ಅವನಿಗೆ ಕಂಡಿತು. ಯೋರಿಸನ ಕಣ್ಣೂ ಅತ್ತ ತಿರುಗುತ್ತಿತ್ತು. ನಿಂಗ್ ಸಾಹೇಬರದ್ದೂ.

"ಅದಕ್ಕೂ ಇಳಿದ್ರು ಅಂದ್ರೆ ನಾಳೆ ಬಾವಿ ತೋಡಿಸ್ತಾರೆ," ಎಂದಳು ಮೀನಿನ ತಟ್ಟೆ ಹಿಡಿದು ಹಿಂದೆಯೇ ಬಂದಿದ್ದ ಲುವಾನ್ ಅಕ್ಕ. "ನಿನ್ನ ಕೈಲೂ ಒಂದು ಲೋಟ ಇದೆಯಲ್ಲೋ. ಯಾವಾಗ್ಲೂ ಎದೆ ಮೇಲೇ ಇಟ್ಕೊಂಡಿರ್ತೀಯ, ಅದೇನು ಪದಕವಾ?"

ಗೆಂಗ್ ಹಾರಿದ. ಇಬ್ಬರ ನಡುವೆ ಬಿದ್ದು, ತೆವಳಿ, ಲೋಟ ಹಿಡಿದ ಕೈಯನ್ನು ಆ ಕುಳಿಯೊಳಗೆ ಭುಜದವರೆಗೂ ಇಳಿಸಿದ. ಕೆನ್ನೆ ನೆಲಕ್ಕೆ ಒತ್ತಿತ್ತು. "ಇಬ್ಬರೂ ಕೇಳಿ," ಎಂದ. "ಇದಕ್ಕಿಂತ ಕೆಳಗೆ ಈ ಜಿಲ್ಲೇಲಿ ಜಾಗ ಇಲ್ಲ. ಆ ಜಾಗಕ್ಕೆ ಈಗ ಆಳು ಸಿಕ್ಕಾಯ್ತು. ನೀವಿಬ್ಬರೂ ದೊಡ್ಡವರೇ."

ನಿಂಗ್ ವಿಚಾರ ಮಾಡಿದರು. ನಿಯಮ ಸರಿಯಾಗಿತ್ತು. ಅತಿ ಕೆಳಗಿನ ಸ್ಥಾನ ಭರ್ತಿಯಾದ ಮೇಲೆ ಅದಕ್ಕಾಗಿ ಪೈಪೋಟಿ ಮಾಡುವುದು ಅಕ್ರಮ. ಲೋಟಗಳು ತಾಗಿದವು, ಖಾಲಿಯಾದವು. ಲುವಾನ್ ಅಕ್ಕ ಮೀನನ್ನು ಗುಂಡಿಗೇ ಇಳಿಸಿದಳು, ತಲೆ ಅತಿಥಿಯ ಕಡೆಗೆ. ಒಪ್ಪಂದಕ್ಕೆ ಸಹಿ ಬಿದ್ದದ್ದೂ ಅಲ್ಲೇ, ಗೆಂಗನ ಬೆನ್ನಿನ ಮೇಲೆ ಕಾಗದ ಇಟ್ಟು. "ನಮ್ಮ ಲಿಫ್ಟಿನ ತಳ ಎಷ್ಟು ಗಟ್ಟಿ ಅಂತ ಈಗ ಗೊತ್ತಾಯ್ತಲ್ಲ," ಎಂದಳು ಪಾಂಗ್.

ವಾರದೊಳಗೆ ಕಚೇರಿಯ ಪ್ರಕಟಣೆ ಹೊರಬಿತ್ತು.

"ಎಲ್ಲ ಸಂಬಂಧಪಟ್ಟವರ ಗಮನಕ್ಕೆ. ಇನ್ನು ಮುಂದೆ ಜಿಲ್ಲೆಯ ಯಾವುದೇ ಅಧಿಕೃತ ಔತಣದಲ್ಲಿ ಅತಿ ಕೆಳಗಿನ ಲೋಟವನ್ನು ಹಿಡಿಯುವ ಹಕ್ಕು ಶ್ರೀ ಗೆಂಗ್ ಷೌಟ್ಯಾನ್ ಅವರಿಗೆ ಮಾತ್ರ ಇರತಕ್ಕದ್ದು. ಸದರಿ ಹುದ್ದೆ ಕಾಯಂ. ಕರ್ತವ್ಯದ ಸ್ಥಳ: ಲಿಫ್ಟಿನ ಗುಂಡಿ. ಚಳಿಗಾಲದಲ್ಲಿ ಒಂದು ಕಂಬಳಿ ಒದಗಿಸಲಾಗುವುದು. ಬೇರೆ ಯಾರಾದರೂ ಅವರಿಗಿಂತ ಕೆಳಗೆ ಲೋಟ ಹಿಡಿದಲ್ಲಿ ಅದನ್ನು ದುರಹಂಕಾರವೆಂದು ಪರಿಗಣಿಸಲಾಗುವುದು."

ಆಮೇಲೆ ಔತಣಗಳು ಸಲೀಸಾಗಿ ನಡೆದವು. ಮೂರನೆಯ ಮಹಡಿಯಲ್ಲಿ ಲೋಟ ಎತ್ತುವ ಮುನ್ನ ಯಾರಾದರೊಬ್ಬರು ಲಿಫ್ಟಿನ ಸಂದಿಗೆ ಬಾಯಿಟ್ಟು, "ಗೆಂಗ್, ಇದೀಯಾ?" ಎಂದು ಕೂಗುತ್ತಿದ್ದರು. "ಇದೀನಿ, ಕುಡೀರಿ," ಎಂದು ತಳದಿಂದ ಉತ್ತರ ಬರುತ್ತಿತ್ತು.

ಹೊಸ ವರ್ಷಕ್ಕೆ ಗೆಂಗ್ ಎದೆ ಸೆಟೆಸಿ ಊರಿನ ಬಸ್ಸು ಹತ್ತಿದ. ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಓಣಿಯ ಅರ್ಧಕ್ಕೆ ವಿಷಯ ಹೇಳಿಯಾಗಿತ್ತು. "ಇಡೀ ಜಿಲ್ಲೇಲಿ ಈ ಹುದ್ದೆ ಒಂದೇ. ದೊಡ್ಡ ದೊಡ್ಡ ಸಾಹೇಬ್ರು ಅದಕ್ಕಾಗಿ ಗುಂಡಿಗೆ ಬಿದ್ದು ಒದ್ದಾಡಿದ್ರು. ಸಿಕ್ಕಿದ್ದು ನನಗೆ." ಕೇಳಿದವರು ತಲೆದೂಗಿದರು. ತನ್ನ ಮಗನಿಗೂ ಅಂಥದ್ದೊಂದು ಗುಂಡಿ ನೋಡಬಾರದೇ ಎಂದು ಪಕ್ಕದ ಮನೆಯವನು ಮೆಲ್ಲಗೆ ಕೇಳಿದ.

ಹಬ್ಬದ ಊಟಕ್ಕೆ ಎಲ್ಲರೂ ಕೂತರು. ಸೋದರಮಾವ ಲೋಟ ಎತ್ತಿದ. ಗೆಂಗ್ ಅಭ್ಯಾಸಬಲದಿಂದ ತನ್ನ ಲೋಟ ಹಿಡಿದು ಎದ್ದು, ಅಂಗಳದ ಮೂಲೆಯಲ್ಲಿದ್ದ ಎಲೆಕೋಸು ಕೂಡಿಡುವ ನೆಲಗುಂಡಿಯ ಕಡೆಗೆ ಹೊರಟ.

"ಹುಷಾರಾಗಿ ಇಳಿಯೋ," ಎಂದಳು ತಾಯಿ. "ಬೆಳಿಗ್ಗೇನೇ ಗುಡಿಸಿ ಮಣೆ ಹಾಕಿಟ್ಟಿದೀನಿ."